ದಾನಕ್ಕೆ ಬಾರದ ಪುಸ್ತಕ

ಪುಸ್ತಕ ಕೆಟ್ಟದಾದಷ್ಟೂ ದೊಡ್ಡಮ್ಮನ ಕೆಳತುಟಿ ಮುಂದಕ್ಕೆ ಬರುತ್ತಿತ್ತು. ಬಿಳಿ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು, ಒಂದು ಕಡ್ಡಿ ಮುರಿದು ದಾರ ಕಟ್ಟಿದ್ದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಹಜಾರದ ಕಂಬಕ್ಕೆ ಒರಗಿ ಅವರು ಓದಲು ಕೂತರೆಂದರೆ ನಾವು ಆ ತುಟಿಯನ್ನೇ ನೋಡುತ್ತಿದ್ದೆವು. ಮೊದಲ ಪ್ರಕರಣಕ್ಕೇ ತುಟಿ ಹೊರಬಂದರೆ ಆ ಗ್ರಂಥಕರ್ತನ ಕಥೆ ಮುಗಿಯಿತು. ಹಾಗೆಂದು ಪುಸ್ತಕವನ್ನು ಕೆಳಗಿಡುತ್ತಿರಲಿಲ್ಲ. ಕೊನೆಯ ಸಾಲಿನವರೆಗೂ ಓದಿ, ಮುಚ್ಚಿ, ಆಮೇಲೆ ಬೈಯುತ್ತಿದ್ದರು. ಅರ್ಧ ಓದಿ ಬೈಯುವವರನ್ನು ಅವರು ಗ್ರಂಥಕರ್ತರಿಗಿಂತ ಕೀಳಾಗಿ ಕಾಣುತ್ತಿದ್ದರು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚೆ ನಾನು ಚನ್ನರಾಯಪಟ್ಟಣಕ್ಕೆ ಸ್ಕೂಲು ಮೇಷ್ಟರಾಗಿ ಹೋದೆ. ಬಾಡಿಗೆಗೆ ಸಿಕ್ಕಿದ್ದು ಜೈನರ ಮನೆಯೊಂದರ ಮುಂಭಾಗದ ಕೋಣೆ. ಅವರಿಗೆ ಪೇಟೆಯಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿ ಇತ್ತು. ಅಂಗಡಿಯಲ್ಲಿ ಮಗನ ಮಾತು ನಡೆಯುತ್ತಿತ್ತು, ಮನೆಯಲ್ಲಿ ತಾಯಿಯ ಮಾತು. ಆ ತಾಯಿಯನ್ನು ಬೀದಿಯೆಲ್ಲ ದೊಡ್ಡಮ್ಮ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಹುಡುಗಿಯಾಗಿದ್ದಾಗ ಬಸದಿಯಲ್ಲಿ ಪುರಾಣ ಓದುತ್ತಿದ್ದ ತಂದೆಯ ಪಕ್ಕ ಕೂತು ಅಕ್ಷರ ಕಲಿತವರು. ಚಿಕ್ಕ ವಯಸ್ಸಿಗೇ ಗಂಡ ಹೋಗಿ, ಮಗನನ್ನೂ ಅಂಗಡಿಯನ್ನೂ ಒಂದು ದಡಕ್ಕೆ ತಂದು, ಮನೆಯಲ್ಲಿದ್ದ ಪುರಾಣಗಳನ್ನೆಲ್ಲ ಮುಗಿಸಿ ಕೂತಿದ್ದರು. ನನ್ನ ಕೈಯಲ್ಲಿ ಕಾದಂಬರಿ ಕಂಡ ದಿನವೇ ಕೇಳಿದರು: "ಮೇಷ್ಟ್ರೇ, ಅದೇನು ಪುಸ್ತಕ? ಓದಾದ ಮೇಲೆ ಇತ್ತ ಕೊಡಿ."

ಆಮೇಲೆ ಅವರಿಗೆ ಪುಸ್ತಕ ಹೊರುವುದೇ ನನ್ನ ಕೆಲಸವಾಯಿತು. ಊರಿನ ವಾಚನಾಲಯಕ್ಕೆ ಹೆಂಗಸರು ಹೋಗುವ ಪದ್ಧತಿ ಇರಲಿಲ್ಲ. ಅಲ್ಲಿದ್ದದ್ದು ಮುಗಿದ ಮೇಲೆ ನಾನು ಹಾಸನಕ್ಕೆ ಹೋದಾಗಲೆಲ್ಲ ಅಲ್ಲಿಂದ ತರುತ್ತಿದ್ದೆ. ಬರೇ ಹಗಲು ಹೊತ್ತಿನ ಓದು ಅವರದು. ದೀಪ ಹಚ್ಚಿದರೆ ಹುಳ ಬಂದು ಬಿದ್ದು ಸಾಯುತ್ತವೆಂದು ಹೊತ್ತು ಮುಳುಗುವುದರೊಳಗೆ ಊಟವೂ ಆಗಬೇಕು, ಓದೂ ಮುಗಿಯಬೇಕು. ಕಥಾನಾಯಕಿ ಹೊಳೆ ದಂಡೆಯಲ್ಲಿ ನಿಂತು ಸಾಯುವುದೋ ಬದುಕುವುದೋ ಎಂದು ಯೋಚಿಸುತ್ತಿರುವಾಗಲೇ ಸಂಜೆಯಾದರೆ ದೊಡ್ಡಮ್ಮ ನಿಶ್ಚಿಂತೆಯಾಗಿ ಪುಸ್ತಕ ಮುಚ್ಚಿ ಏಳುತ್ತಿದ್ದರು. "ನಿಂತಿರ್ಲಿ ಬಿಡಿ ಬೆಳಗಿನವರೆಗೂ. ಚಳಿಗಾದ್ರೂ ಬುದ್ಧಿ ಬರುತ್ತೆ."

ಆ ಕಾಲದ ನಮ್ಮ ಕಾದಂಬರಿಗಳ ಬಗ್ಗೆ ಈಗ ದೊಡ್ಡ ದೊಡ್ಡ ಮಾತು ಕೇಳುತ್ತೇನೆ. ನಾನೂ ಅವನ್ನು ಓದಿದವನೇ. ಪತ್ರಕ್ಕೊಂದು ಮೂರ್ಛೆ, ಪ್ರಕರಣಕ್ಕೊಂದು ನಿಟ್ಟುಸಿರು. ನಾಯಕನಿಗೆ ಕೆಲಸವಿಲ್ಲ, ನಾಯಕಿಗೆ ಬಾಯಿಲ್ಲ. ಯಾವುದೋ ಭಾಷೆಯಿಂದ ಇಳಿಸಿಕೊಂಡ ಜಮೀನ್ದಾರರ ಮನೆಗೆ ನಮ್ಮವರ ಹೆಸರಿಟ್ಟು ಮಾರುತ್ತಿದ್ದರು. ವಾಚನಾಲಯದಲ್ಲಿ ಸಂಜೆ ಸೇರುತ್ತಿದ್ದ ವಕೀಲರೊಬ್ಬರು ಪುಸ್ತಕದ ರಟ್ಟು ಸವರುತ್ತಲೇ "ಕರುಣರಸ ಉಕ್ಕಿ ಹರಿದಿದೆ" ಎನ್ನುವರು. ಅವರು ತೆಗೆದುಕೊಂಡು ಹೋಗಿ ಹಿಂತಿರುಗಿಸಿದ ಪುಸ್ತಕಗಳಲ್ಲಿ ಅಂಚು ಕತ್ತರಿಸದೆ ಕೂಡಿಕೊಂಡೇ ಇದ್ದ ಹಾಳೆಗಳನ್ನು ಮನೆಗೆ ಬಂದು ನಾನೇ ಚಾಕುವಿನಿಂದ ಬಿಡಿಸಬೇಕಾಗುತ್ತಿತ್ತು.

ದೊಡ್ಡಮ್ಮನಿಗೆ ರಸಗಿಸದ ಗೊಡವೆ ಇರಲಿಲ್ಲ. ಅವರ ದೂರು ಬೇರೆ. ಒಂದು ದಪ್ಪ ಕಾದಂಬರಿಯನ್ನು ಮುಗಿಸಿ ನನ್ನ ಮುಂದೆ ತಳ್ಳಿ ಕೇಳಿದರು:

"ಇಷ್ಟು ಜನ ಇದ್ದಾರಲ್ಲ ಮೇಷ್ಟ್ರೇ, ಮಾವ, ಅತ್ತೆ, ಮೂರು ಜನ ಸೊಸೇರು. ಒಬ್ಬಳಾದ್ರೂ ಒಲೆ ಹಚ್ಚಿದ್ಲಾ? ಉಂಡರಾ ಇವರು? ನೀರು ಸೇದಿದರಾ? ಅಳೋದಕ್ಕೂ ಮೈಯಲ್ಲಿ ಶಕ್ತಿ ಬೇಡವಾ?"

"ಅದು ಕಾದಂಬರಿ ದೊಡ್ಡಮ್ಮ, ಊಟ ತಿಂಡಿ ಎಲ್ಲ ಬರೆಯೋದಿಲ್ಲ."

"ಬರೀಬೇಡಿ. ಆದ್ರೆ ಉಂಡಿದ್ದಾರೆ ಅಂತ ನನಗೆ ಅನ್ನಿಸ್ಬೇಕು. ಇವರು ಉಣ್ಣೋ ಜಾತಿಯವರೇ ಅಲ್ಲ. ಗೊಂಬೆಗಳು."

ನುಗ್ಗೇಹಳ್ಳಿ ಕಡೆಯಿಂದ ಮನೆಗೆ ತೆಂಗಿನಕಾಯಿ ತಂದು ಹಾಕುತ್ತಿದ್ದ ಒಕ್ಕಲು ಹೆಂಗಸೊಬ್ಬಳಿದ್ದಳು. ಬಂದಾಗ ಜಗಲಿಯಲ್ಲಿ ಕಾಲು ಚಾಚಿ ಕೂತು, "ಏನಾಯ್ತವ್ವಾ ಆ ಮಗೀಗೆ?" ಎಂದು ಕಥೆ ಕೇಳುವಳು. ದೊಡ್ಡಮ್ಮ ಹೇಳುವರು. ಒಮ್ಮೆ ಗಂಡ ಬಿಟ್ಟುಹೋದ ನಾಯಕಿ ಕಿಟಕಿಯ ಬಳಿ ಕೂತು ವರ್ಷಗಟ್ಟಲೆ ಅತ್ತ ಕಥೆ. ಕೇಳಿದವಳು ಗಲ್ಲದ ಮೇಲೆ ಕೈಯಿಟ್ಟುಕೊಂಡಳು.

"ಅಲ್ಲ ಕಣವ್ವಾ, ಅಷ್ಟೊಂದು ಅಳೋಳು ಒಸಿ ಎದ್ದೋಗಿ ಅವನ್ನ ಯಾಕ್ಲಾ ಅಂಗೆ ಮಾಡ್ದೆ ಅಂತ ಕೇಳ್ಬಾರ್ದಾ?"

"ಕೇಳಿದ್ರೆ ಪುಸ್ತಕ ಮುಗಿದೋಗುತ್ತಲ್ಲೇ. ಬರೆದೋನು ಆಮೇಲೆ ಏನು ಮಾಡ್ಬೇಕು?" ಎಂದರು ದೊಡ್ಡಮ್ಮ. ಇಬ್ಬರೂ ಸೇರಿ ನಕ್ಕ ನಗುವಿಗೆ ಒಳಗಿಂದ ಸೊಸೆ ಬಂದು ಇಣುಕಿದಳು.

ಇಂಥವರ ಮನೆಯಲ್ಲಿದ್ದುಕೊಂಡು ನಾನೊಂದು ಕಾದಂಬರಿ ಬರೆದೆ. ಎಂಥ ಧೈರ್ಯ ಎಂದು ಈಗ ಅನ್ನಿಸುತ್ತದೆ. ಅತ್ತೆಯ ಕೈಯಲ್ಲಿ ಎಲ್ಲ ಬಗೆಯ ಹಿಂಸೆ ಅನುಭವಿಸಿ, ಎಲ್ಲರನ್ನೂ ಕ್ಷಮಿಸಿ, ಕೊನೆಗೆ ಗಂಡನ ಪಾದದ ಬಳಿ ಮುಗುಳ್ನಕ್ಕು ಸಾಯುವ ಸೊಸೆಯ ಕಥೆ. ವಾಚನಾಲಯದಲ್ಲಿ ವಕೀಲರಿಗೆ ಬರೆದ ಹಾಳೆಗಳ ಕಟ್ಟನ್ನು ತೋರಿಸಿದೆ. ಬಿಚ್ಚದೆಯೇ ಮೆಚ್ಚಿದರು. ಅಚ್ಚು ಹಾಕಿಸುವ ಶಕ್ತಿ ಮಾತ್ರ ಮೇಷ್ಟರ ಕೈಯಲ್ಲಿ ಇರಲಿಲ್ಲ.

ಆ ವರ್ಷ ದೊಡ್ಡಮ್ಮ ಬಹುಕಾಲದಿಂದ ಹಿಡಿದಿದ್ದ ನೋಂಪಿಯೊಂದು ಮುಗಿಯುವುದಿತ್ತು. ಇಂಥ ವ್ರತ ಮುಗಿದಾಗ ಜೈನರು ಉದ್ಯಾಪನೆ ಮಾಡುತ್ತಾರೆ. ಅನ್ನ, ಔಷಧದಂತೆ ಶಾಸ್ತ್ರವನ್ನೂ, ಎಂದರೆ ಪುಸ್ತಕವನ್ನೂ, ಆಗ ದಾನ ಕೊಡುವುದುಂಟು. ಮಗನಿಗೆ ನನ್ನ ಮೇಲೆ ಪ್ರೀತಿ. ಒಂದು ಭಾನುವಾರ ಅಂಗಡಿಯಲ್ಲಿ ಕೂರಿಸಿಕೊಂಡು ಹೇಳಿದರು: "ಮೇಷ್ಟ್ರೇ, ದಾನಕ್ಕೆ ನಿಮ್ಮ ಪುಸ್ತಕಾನೇ ಅಚ್ಚಾಕ್ಸಿಬಿಡೋಣ. ಒಸಿ ಧರ್ಮದ ವಿಚಾರ ಸೇರಿಸಿ. ಅಮ್ಮನಿಗೂ ಖುಷಿ, ನಿಮಗೂ ಹೆಸರು."

ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಂದು ತಿಂಗಳಲ್ಲಿ ನನ್ನ ಸೊಸೆಯನ್ನು ಜೈನಳನ್ನಾಗಿ ಮಾಡಿದೆ. ಹೆಸರು ಬದಲಾಯಿಸಿದೆ. ದೇವಸ್ಥಾನವಿದ್ದ ಕಡೆಯೆಲ್ಲ ಬಸದಿ ಎಂದು ತಿದ್ದಿದೆ. ಸಾಯುವಾಗ ಅವಳ ಬಾಯಲ್ಲಿ ಪಂಚನಮಸ್ಕಾರ ಮಂತ್ರ ಹೇಳಿಸಿದೆ. ದೊಡ್ಡಮ್ಮನ ದೂರು ನೆನಪಿಟ್ಟುಕೊಂಡು, ನನ್ನ ಕಾದಂಬರಿಯಲ್ಲಿ ಜನ ಉಣ್ಣುತ್ತಾರೆ ಎಂದು ತೋರಿಸಲು ಒಂದು ಇಡೀ ಪ್ರಕರಣ ಊಟಕ್ಕೇ ಮೀಸಲಿಟ್ಟೆ. ಎಲ್ಲರದೂ ಮುಗಿದ ಮೇಲೆ ಸೊಸೆ ಒಬ್ಬಳೇ ದೀಪದ ಬೆಳಕಿನಲ್ಲಿ ಕೂತು, ತಳ ಸೇರಿದ ಈರುಳ್ಳಿ ಹುಳಿಯನ್ನು ಅನ್ನಕ್ಕೆ ಕಲಸಿಕೊಂಡು, ಕಣ್ಣೀರು ಬೆರೆಸಿ ಉಣ್ಣುವ ಪ್ರಕರಣ. ಅದನ್ನು ಬರೆದು ನಾನೇ ಅತ್ತಿದ್ದೆ.

ದೊಡ್ಡಮ್ಮ ಆ ಕಟ್ಟನ್ನು ಒಂದು ವಾರ ಓದಿದರು. ಕೋಣೆಯ ಬಾಗಿಲಿನಿಂದ ಕದ್ದು ನೋಡುತ್ತಿದ್ದ ನನಗೆ ತುಟಿ ಕಾಣದಂತೆ ಬೆನ್ನು ತಿರುಗಿಸಿ ಕೂತಿದ್ದರು. ಮುಗಿದ ದಿನ ಮಧ್ಯಾಹ್ನ ನನ್ನನ್ನು ಕರೆದರು. ಮಗನೂ ಅಂಗಡಿಯಿಂದ ಬಂದಿದ್ದರು.

"ಇವಳಿಗೆ ಕಿವಿ ಕೇಳಿಸಲ್ವಾ?" ಎಂದರು ದೊಡ್ಡಮ್ಮ.

"ಯಾರಿಗೆ?"

"ನಿಮ್ಮ ಸೊಸೆಗೆ. ಅತ್ತೆ ಅಷ್ಟು ಬೈದರೂ ಒಂದು ಮಾತು ಆಡಲಿಲ್ಲ. ಬಾಯಲ್ಲಿ ಆಡದೇ ಇರಬಹುದು, ಮನಸ್ಸಲ್ಲೂ ಆಡಲಿಲ್ಲ. ನಾನೂ ಸೊಸೆ ಆಗಿದ್ದೆ ಮೇಷ್ಟ್ರೇ. ನಮ್ಮತ್ತೆಗೆ ನಾನು ಮನಸ್ಸಲ್ಲಿ ಅಂದ ಮಾತನ್ನ ಬರೆದ್ರೆ ನಿಮ್ಮ ಕಾಗದ ಸುಟ್ಟೋಗುತ್ತೆ."

ಮಗ ನಡುವೆ ಬಾಯಿ ಹಾಕಿದರು. "ಅಮ್ಮಾ, ಕೊನೇಲಿ ಮಂತ್ರ ಹೇಳ್ತಾಳಲ್ಲ, ಎಷ್ಟು ಚೆನ್ನಾಗಿದೆ."

"ಅದಕ್ಕೆ ಮುಂಚೆ ರಾತ್ರಿ ಹೊತ್ತು ದೀಪ ಇಟ್ಕೊಂಡು ಈರುಳ್ಳಿ ಹುಳಿ ಉಂಡಳಲ್ಲ, ಅದೂ ಚೆನ್ನಾಗಿದೆಯಾ?"

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆ ಮನೆಯ ಅನ್ನ ಎಷ್ಟೋ ಸಲ ಉಂಡಿದ್ದೆ, ಹೊತ್ತಿರುವಾಗಲೇ ಉಂಡಿದ್ದೆ, ಅವರ ಅಡಿಗೆಯಲ್ಲಿ ಈರುಳ್ಳಿ ಇರುವುದಿಲ್ಲವೆಂದು ನಾಲಗೆಗೆ ಗೊತ್ತಿತ್ತು. ಅಳಿಸಿ ತಿದ್ದುತ್ತೇನೆ ಎಂದು ಗೊಣಗಿದೆ.

"ಈರುಳ್ಳಿ ಅಳಿಸಬಹುದು. ನಾನು ಕೇಳೋದು ಅದಲ್ಲ. ಆವತ್ತು ಅವಳಿಗೆ ಹಸಿವಾಗಿತ್ತಾ?"

ನಾನು ಕಟ್ಟಿನಲ್ಲಿ ಆ ಪ್ರಕರಣ ಹುಡುಕತೊಡಗಿದೆ.

"ನಿಮಗೆ ಗೊತ್ತಿಲ್ಲ. ನಾನು ಕೇಳ್ತೀನಿ ಅಂತ ಉಣ್ಣಿಸಿದ್ರಿ. ನನ್ನ ಮೆಚ್ಚಿಸೋಕೆ ಅವಳ ಜಾತಿ ಬದಲಾಯಿಸಿದ್ರಿ, ವಕೀಲರನ್ನ ಮೆಚ್ಚಿಸೋಕೆ ಅವಳನ್ನ ಕೊಂದ್ರಿ. ಅವಳಿಗೇನು ಬೇಕಿತ್ತು ಅಂತ ಒಬ್ಬರೂ ಕೇಳಲಿಲ್ಲ. ಅತ್ತೆಗಿಂತ ನೀವೇ ಹೆಚ್ಚು ಹಿಂಸೆ ಕೊಟ್ಟಿದ್ದೀರಿ."

"ಅಮ್ಮಾ, ನಾನು ಮೇಷ್ಟ್ರಿಗೆ ಮಾತು ಕೊಟ್ಟಿದ್ದೀನಿ," ಎಂದರು ಮಗ ತಲೆ ತಗ್ಗಿಸಿ.

"ನೋಂಪಿ ನಿಂದಲ್ಲ, ನಂದು. ದಾನ ಅಂದ್ರೆ ಕೊಟ್ಟೋರಿಗೂ ತಗೊಂಡೋರಿಗೂ ಒಳ್ಳೇದಾಗ್ಬೇಕು. ಇದನ್ನ ಓದಿದ ಹೆಣ್ಣು ಮಕ್ಕಳು ನಾಳೆ ಹೀಗೇ ಸಾಯೋಕೆ ಕೂತ್ಕೋತಾರೆ. ಆ ಪಾಪ ನನಗೆ ಬೇಡ."

ಉದ್ಯಾಪನೆಯ ದಿನ ಬಸದಿಯಲ್ಲಿ ಅವರು ಹೆಣ್ಣು ಮಕ್ಕಳಿಗೆ ಕೊಟ್ಟದ್ದು ಅ ಆ ಇ ಈ ಕಲಿಸುವ ಬಾಲಬೋಧೆ. ನಾನು ಮುಖ ಊದಿಸಿಕೊಂಡು ಬಾಗಿಲಲ್ಲಿ ನಿಂತಿದ್ದೆ. ನನ್ನನ್ನು ಕಂಡು ಒಂದು ಪ್ರತಿ ನನ್ನ ಕೈಗೂ ಇಟ್ಟರು. "ತಗೊಳ್ಳಿ. ಇದರಲ್ಲಿ ಒಂದೂ ಸುಳ್ಳಿಲ್ಲ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಓದು ಬರಹ ಬಸದಿಯ ಮೂಲೆಯಲ್ಲಿ ಕಲಿತ ಮುದುಕಿಗೆ ಸಾಹಿತ್ಯ ಏನು ಗೊತ್ತು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಬೈದುಕೊಳ್ಳುವಾಗ ನನ್ನ ಸೊಸೆಯ ನೆನಪಾಗಿ, ಮನಸ್ಸಿನಲ್ಲೂ ಮಾತಾಡದ ಆ ಹೆಂಗಸನ್ನು ಎಲ್ಲಿಂದ ತಂದೆನಪ್ಪ ಎಂದು ನನಗೇ ನಗು ಬಂತು. ನಕ್ಕ ಮೇಲೆ ಸಿಟ್ಟು ಇನ್ನೂ ಹೆಚ್ಚಾಯಿತು. ಬೇಸಿಗೆ ಕಳೆಯುವುದರೊಳಗೆ ಅರಕಲಗೂಡಿಗೆ ವರ್ಗವಾಯಿತು. ಹೇಳಿ ಹೊರಟೆ, ಆದರೆ ಕಾಲಿಗೆ ಬೀಳಲಿಲ್ಲ.

ಅರಕಲಗೂಡಿನಲ್ಲಿ ಆ ಕಟ್ಟನ್ನು ಬಿಚ್ಚುವುದಕ್ಕೇ ಬಹಳ ಕಾಲ ಹಿಡಿಯಿತು. ಯುದ್ಧ ಬಂದು ಕಾಗದಕ್ಕೆ ಬರವಾಯಿತು, ಸ್ಲೇಟಿನ ಮೇಲೆ ವಾಕ್ಯ ಬರೆದು ತಿದ್ದಿ, ಸರಿಹೋದರೆ ಮಾತ್ರ ಕಾಗದಕ್ಕೆ ಇಳಿಸುತ್ತಿದ್ದೆ. ಒಂದು ಸಾಲು ಬರೆದರೆ ಸಾಕು, ದೊಡ್ಡಮ್ಮ ಕಿವಿಯ ಹತ್ತಿರ ಬಂದು ಕೂರುವರು. ನಿಟ್ಟುಸಿರು ಬಿಡಿಸಿದರೆ "ಎದೆನೋವಾ?" ಎನ್ನುವರು. ಮೂರ್ಛೆ ಬೀಳಿಸಿದರೆ "ಒಲೆ ಮೇಲೆ ಹಾಲಿಟ್ಟಿದ್ಲಲ್ಲ, ಯಾರು ನೋಡ್ಕೋತಾರೆ?" ಎನ್ನುವರು. ಹೀಗೆ ಒಂದೊಂದಾಗಿ ಎಲ್ಲ ಬಿದ್ದುಹೋಯಿತು. ಅತ್ತೆಗೂ ಒಂದು ಕಷ್ಟವಿತ್ತು ಎಂದು ಗೊತ್ತಾಯಿತು. ಸೊಸೆ ಬಾಯಿ ತೆರೆದಳು. ಒಂದು ದಿನ ಅವಳಿಗೆ ನಿಜವಾಗಿ ಹಸಿವಾಯಿತು, ಅಂದು ನನಗೆ ಬರೆಯಲು ಬಂತು ಎಂದುಕೊಂಡೆ.

ಯುದ್ಧ ಮುಗಿದ ಮೇಲೆ, ರಜೆಯಲ್ಲಿ, ಪೆಟ್ರೋಲಿಲ್ಲದೆ ಇದ್ದಿಲು ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ಹತ್ತಿ ಚನ್ನರಾಯಪಟ್ಟಣಕ್ಕೆ ಹೋದೆ. ಅವರು ಓದಬೇಕು, ತುಟಿ ಎಲ್ಲಿ ಮುಂದೆ ಬರುತ್ತದೆಂದು ನಾನು ನೋಡಬೇಕು. ಬೈಸಿಕೊಳ್ಳಲು ಅಷ್ಟು ಆಸೆಯಿಂದ ಯಾರೂ ಪ್ರಯಾಣ ಮಾಡಿರಲಾರರು.

ದೊಡ್ಡಮ್ಮ ಸಣ್ಣಗಾಗಿ, ಚಾಪೆಯ ಮೇಲೆ ಕೂತಿದ್ದರು. ವಯಸ್ಸಾದ ಮೇಲೆ ವ್ರತವಾಗಿ ಒಂದೊಂದೇ ಬಿಡುತ್ತಾ ಬಂದಿದ್ದರಂತೆ. ಮೊದಲು ಬೆಲ್ಲ, ಆಮೇಲೆ ಮೊಸರು. ಬೆಳಗೊಳಕ್ಕೆ ಬಂದಿದ್ದ ಮುನಿಗಳ ಮುಂದೆ ಹಿಂದಿನ ವರ್ಷ ಕಥೆ ಓದುವುದನ್ನೂ ಕೇಳುವುದನ್ನೂ ಬಿಟ್ಟಿದ್ದರು.

"ಕೆಟ್ಟದ್ದೆಲ್ಲ ಬಿಡ್ತೀನಿ, ಒಳ್ಳೇದನ್ನ ಇಟ್ಕೋಬಹುದಾ ಅಂತ ಕೇಳ್ದೆ," ಎಂದರು. "ಮುನಿಗಳು ನಕ್ಕರು. ಆಮೇಲೆ ನಾನೇ ಯೋಚನೆ ಮಾಡಿದೆ. ಒಳ್ಳೇದು ಅನ್ನೋದು ಇನ್ನೂ ಒಂದೂ ಬಂದಿಲ್ವಲ್ಲ, ಬಿಡೋಕೆ ಕಷ್ಟವೇನು ಅಂತ ಬಿಟ್ಟೆ."

ನಾನು ಚೀಲವನ್ನು ಹಿಂದಕ್ಕೆ ಸರಿಸಿದೆ. ಅವರು ಕಂಡಿದ್ದರು.

"ಅದೇನಾ?"

"ಹೂಂ. ಮತ್ತೆ ಬರೆದೆ."

ಕೈ ಚಾಚಿದರು. ಕೊಟ್ಟೆ. ದಾರ ಬಿಚ್ಚಲಿಲ್ಲ. ಅಂಗೈ ಮೇಲೆ ಇಟ್ಟುಕೊಂಡು, ಪಾತ್ರೆ ಅಂಗಡಿಯವರ ಮನೆಯವರಲ್ಲವೇ, ಮೇಲೆ ಕೆಳಗೆ ಆಡಿಸಿ ತೂಕ ನೋಡಿದರು.

"ಅರ್ಧ ಎಸೆದಿದ್ದೀರಿ."

"ಅರ್ಧಕ್ಕಿಂತ ಹೆಚ್ಚು."

"ಇನ್ನೂ ಒಂದಿಷ್ಟು ಎಸೆಯೋದಿರುತ್ತೆ. ನೋಡಿ," ಎಂದು ಕಟ್ಟನ್ನು ಹಿಂದಕ್ಕೆ ಕೊಟ್ಟರು. ಕೊಡುವಾಗ ಅವರ ಬೆರಳು ದಾರದ ಗಂಟಿನ ಮೇಲೆ ಒಂದು ಕ್ಷಣ ನಿಂತಿತ್ತು. ನನ್ನ ಕಥೆಯ ಸೊಸೆ ಏನಾದಳೆಂದು ಅವರು ಕೇಳಲಿಲ್ಲ. ಹೇಳಿಬಿಡಲೇ ಎಂದು ನನ್ನ ಬಾಯಿ ಕಡಿಯುತ್ತಿತ್ತು, ಹೇಳಲಿಲ್ಲ. ಈ ಸಲ ಕಾಲಿಗೆ ಬಿದ್ದು ಎದ್ದು ಬಂದೆ.

ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಅವರು ಹೇಳಿದಂತೆ ಹುಡುಕಿದೆ. ಎಸೆಯುವುದು ಇನ್ನೂ ಇತ್ತು, ಎಸೆದೆ. ಪುಸ್ತಕ ಅಚ್ಚಾಯಿತು. ಹಾಸನದಲ್ಲಿ ಸಭೆ ಮಾಡಿ ಹಾರ ಹಾಕಿದರು, ಕರುಣರಸ ಉಕ್ಕಿ ಹರಿದಿದೆ ಎಂದರು. ಹಾಗೆ ಹೇಳಿದವರ ಮುಖ ನೋಡಿದೆ. ಒಬ್ಬರೂ ಓದಿರಲಿಲ್ಲ. ನನ್ನ ಕೆಟ್ಟ ಪುಸ್ತಕವನ್ನು ಕೊನೆಯ ಸಾಲಿನವರೆಗೂ ಓದಿದ ಒಬ್ಬರಿದ್ದರು. ಈ ಪುಸ್ತಕ ಒಳ್ಳೆಯದೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ, ಹೇಳಬೇಕಾಗಿದ್ದವರು ತೂಕ ನೋಡಿ ಕೊಟ್ಟು ಹೋಗಿಬಿಟ್ಟರು.