ಚೆಂಡುಹೂವಿನ ಸಾಲಿನೊಳಗಿನ ಗಿಡಗಳು

ಮೊನ್ನೆ ಸಂಜೆ ಒಣಗಿದ ಬಟ್ಟೆ ತರಲು ತಾರಸಿಗೆ ಹೋಗಿದ್ದೆ. ನೀರಿನ ಟ್ಯಾಂಕಿನ ಹಿಂದಿನಿಂದ ಹೊಗೆ ಬರುತ್ತಿತ್ತು. ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಕಾಲೇಜು ಹುಡುಗರು ನನ್ನನ್ನು ಕಂಡು ಕೈ ಹಿಂದೆ ಮಾಡಿಕೊಂಡರು. "ಸೊಳ್ಳೆ ಬತ್ತಿ ಆಂಟಿ" ಅಂದ ಒಬ್ಬ. ಅದು ಎಂಥ ಬತ್ತಿ ಅಂತ ನನಗೆ ತಿಳಿಯದ್ದೇನಲ್ಲ. ಹಸಿ ಸೊಪ್ಪು ಸುಟ್ಟಂಥ ಘಾಟು, ಅದರ ಹಿಂದೆಯೇ ಒಂದಿಷ್ಟು ಸಿಹಿ... ಬಟ್ಟೆ ಎದೆಗೊತ್ತಿಕೊಂಡು ಹಾಗೇ ನಿಂತುಬಿಟ್ಟೆ. ಮಧುಗಿರಿಯ ನಮ್ಮ ಪಕ್ಕದ ಮನೆಯ ಅಕ್ಕ ನೆನಪಾದಳು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ಮಧುಗಿರಿಗೆ ಬಂದೆ. ಬೆಟ್ಟದ ಬುಡದ ಓಣಿ. ನಮ್ಮ ಮನೆಗೂ ಅಕ್ಕನ ಮನೆಗೂ ನಡುವೆ ಒಂದೇ ಗೋಡೆ. ಅಕ್ಕ ಬುಕ್ಕಾಪಟ್ಟಣದ ಕಡೆಯವಳು, ಕುರಿ ಮೇಯಿಸುವ ಮನೆತನದ ಹೆಣ್ಣು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಮಕ್ಕಳಿರಲಿಲ್ಲ. ಗಂಡ ಪಾವಗಡದ ಕಡೆಗೆ ಓಡುವ ಪ್ರೈವೇಟ್ ಬಸ್ಸಿನ ಡ್ರೈವರು. ಅವರು ಮೂಲೆ ತಿರುಗುವಾಗ ಹಾರನ್ ಹೊಡೆದರೆ ಅಕ್ಕ ಒಲೆಯ ಮೇಲೆ ಎಸರಿಡುತ್ತಿದ್ದಳು. ಅವರು ಕೈಕಾಲು ತೊಳೆದು ಕೂರುವಷ್ಟರಲ್ಲಿ ಮುದ್ದೆ ತಟ್ಟೆಯಲ್ಲಿರಬೇಕು. ಅವರು ಉಣ್ಣುವುದನ್ನು ನೋಡುವುದೇ ಅವಳಿಗೆ ಹಬ್ಬ. ನಮ್ಮನೆಯ ಗಂಡಸರು ಅನ್ನವನ್ನು ಕೆದಕಿ ಕೆದಕಿ ಕೊಂಕು ತೆಗೆಯುವುದನ್ನು ಕಂಡಿದ್ದ ನನಗೆ ಅದು ಹೊಟ್ಟೆಕಿಚ್ಚಿನ ವಿಷಯವೇ ಆಗಿತ್ತು.

ಕೆಲವು ವರ್ಷಗಳಾದ ಮೇಲೆ ಆ ಉಣ್ಣುವ ಹೊಟ್ಟೆಯೇ ಕೈಕೊಟ್ಟಿತು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಹೊಟ್ಟೆಯೊಳಗೆ ಗೆಡ್ಡೆ ಬೆಳೆದಿದೆ, ಕೈ ಮೀರಿದೆ, ಮನೆಗೆ ಕರೆದುಕೊಂಡು ಹೋಗಿ ಅಂದರು. ಬಸ್ಸಿನ ಸ್ಟೇರಿಂಗನ್ನು ಆಟಿಕೆಯಂತೆ ತಿರುಗಿಸುತ್ತಿದ್ದ ಮನುಷ್ಯ ಗಂಜಿ ನೀರು ಕೊಟ್ಟರೂ ಕಕ್ಕುತ್ತಿದ್ದರು. ನಿದ್ದೆ ಇಲ್ಲ. ಗೋಡೆಯ ಈಚೆಗೆ ನಮಗೆಲ್ಲ ನರಳಾಟ ಕೇಳಿಸುತ್ತಿತ್ತು.

ಆಗ ಅಕ್ಕನ ತಮ್ಮ ಊರಿಂದ ಬಂದ. ಕಂಬಳಿಯ ಮೂಲೆಗೆ ಗಂಟು ಹಾಕಿ ಒಂದಿಷ್ಟು ಬೀಜ ತಂದಿದ್ದ. ಮೇವು ಬಿಟ್ಟ ಕುರಿ ದನಗಳಿಗೆ ಅವರ ಕಡೆ ಆ ಸೊಪ್ಪು ತಿನ್ನಿಸುತ್ತಿದ್ದರಂತೆ. ಅಕ್ಕ ಅದನ್ನು ಹಿತ್ತಲಲ್ಲಿ ಬಿತ್ತಿದಳು. ಸುತ್ತ ಚೆಂಡುಹೂವಿನ ಪೈರು ನೆಟ್ಟಳು. ದೂರದಿಂದ ಎರಡರ ಎಲೆಯೂ ಒಂದೇ ಥರ ಸೀಳುಸೀಳು, ಚೆಂಡುಹೂವಿನ ಘಾಟಿನಲ್ಲಿ ಇನ್ನೊಂದು ವಾಸನೆಯೂ ಅಡಗುತ್ತಿತ್ತು. ಗಾಂಜಾ ಬೆಳೆದರೆ ಜೈಲು ಅನ್ನುವ ಹೊಸ ಕಾನೂನು ಬಂದಿದೆ ಅಂತ ಓಣಿಯಲ್ಲೆಲ್ಲ ಮಾತಿದ್ದ ಕಾಲ ಅದು. ನನಗೊಬ್ಬಳಿಗೆ ಹೇಳಿದ್ದಳು. "ಯಾರ್ಗೂ ಅನ್ಬ್ಯಾಡ ಕಣಮ್ಮ. ಸೇದಾಕಲ್ಲ, ಮಾರಾಕಲ್ಲ. ಅವ್ರು ಒಂದ್ ತುತ್ತು ಉಣ್ಲಿ ಅಂತ" ಅಂದಳು.

ಉಂಡರು! ಸೊಪ್ಪನ್ನು ಬೆಲ್ಲದ ಜೊತೆ ಅರೆದು ಕೊಟ್ಟರೆ ಸ್ವಲ್ಪ ಹೊತ್ತಿಗೆ ಅವರ ಮುಖ ಸಡಿಲವಾಗುತ್ತಿತ್ತು. ಒಂದು ದಿನ ಅಕ್ಕ ಹಿತ್ತಲ ಆಳೆತ್ತರದ ಗೋಡೆಯ ಮೇಲಿಂದ ಖಾಲಿ ತಟ್ಟೆ ಎತ್ತಿ ತೋರಿಸಿದಳು. ಅರ್ಧ ಮುದ್ದೆ, ಬಸ್ಸಾರು, ಎಲ್ಲ ಉಂಡಿದ್ದರು. ರೋಗ ವಾಸಿಯಾಗುವುದಿಲ್ಲ ಅಂತ ನಮ್ಮಿಬ್ಬರಿಗೂ ಗೊತ್ತಿತ್ತು. ಇರುವಷ್ಟು ದಿನ ಮನುಷ್ಯ ಉಂಡು ಮಲಗಿದರೆ ಸಾಕು ಅನ್ನುವುದಷ್ಟೇ ಅವಳ ಆಸೆ.

ಪಾಪ, ಅವಳು ತಪ್ಪಿದ್ದು ಒಂದೇ ಕಡೆ. ಮರೆಗೆ ಅಂತ ಹರಳು ಗಿಡ ಹಾಕಿದ್ದರೆ ಯಾರೂ ತಲೆ ಹಾಕುತ್ತಿರಲಿಲ್ಲ. ಅವಳು ಹಾಕಿದ್ದು ಹೂವು. ನಮ್ಮ ಓಣಿಯಲ್ಲಿ ದೇವರ ಹೂವಿಗೆ ಯಾರನ್ನೂ ಕೇಳುವ ಪದ್ಧತಿ ಇರಲಿಲ್ಲ. ಬೆಳಗಾದರೆ ಬುಟ್ಟಿ ಹಿಡಿದು ಯಾರ ಹಿತ್ತಲಿಗಾದರೂ ನುಗ್ಗಿ ಕಿತ್ತುಕೊಳ್ಳಬಹುದು. ಅದರಲ್ಲೂ ಆಯುಧಪೂಜೆಗೆ ಚೆಂಡುಹೂವು ಇಲ್ಲದ ಮನೆ ಉಂಟೇ? ಅಕ್ಕ ಹಿತ್ತಲ ಗೇಟಿಗೆ ಜಾಲಿಮುಳ್ಳು ಜಡಿದಳು. ಕೇಳಿದವರಿಗೆಲ್ಲ ತಾನೇ ಕಿತ್ತು ಮುಂಬಾಗಿಲಲ್ಲಿ ಮೊರದ ತುಂಬ ಕೊಟ್ಟಳು. ಎಲ್ಲರೂ ಇಸಿದುಕೊಂಡು ಹೋದರು, ನಮ್ಮತ್ತೆ ಒಬ್ಬರನ್ನು ಬಿಟ್ಟು.

ನಮ್ಮತ್ತೆ ಮಡಿ ಹೆಂಗಸು. "ಅವ್ಳ್ ಕೈಲಿ ಕಿತ್ತ ಹೂವ ದೇವ್ರ ತಲೆ ಮೇಲ್ ಇಡಕ್ಕಾಗ್ತದೇನೇ? ಗಿಡದಿಂದ ನಾನೇ ಕೀಳ್ಬೇಕು" ಅಂದರು. ಅವಳ ಮಣ್ಣು, ಅವಳ ನೀರು, ಅವಳ ಗಿಡ, ಯಾವುದಕ್ಕೂ ಮೈಲಿಗೆ ಇಲ್ಲ. ಕೈಗೆ ಮಾತ್ರ! "ಹಿತ್ಲಲ್ಲಿ ಹಾವು ಓಡಾಡ್ತಿದೆಯಂತೆ, ಹೋಗ್ಬೇಡಿ" ಅಂತ ನಾನು ಅಂಗಲಾಚಿದೆ. ಅತ್ತೆ ಕೇಳುವ ಪೈಕಿ ಅಲ್ಲ. ಹಬ್ಬದ ದಿನ ಬೆಳಿಗ್ಗೆ ಒದ್ದೆ ಸೀರೆಯಲ್ಲೇ ಹಿಂದಿನ ಸಂದಿಯಿಂದ ಹೋಗಿ, ಕೋಲಿನಿಂದ ಮುಳ್ಳು ಸರಿಸಿ ಒಳಗೆ ಕಾಲಿಟ್ಟರು.

ನೋಡಿದ ಕೂಡಲೇ ಗಿಡದ ಗುರುತು ಸಿಕ್ಕಿಬಿಟ್ಟಿತು ಅವರಿಗೆ. ಸಿಗದೆ ಏನು? ನಮ್ಮ ಮಾವನವರು ಅಮಾವಾಸ್ಯೆ ಅಮಾವಾಸ್ಯೆಗೂ ಭಜನೆ ಗೆಳೆಯರ ಜೊತೆ ಜಗಲಿಯ ಮೇಲೆ ಚಿಲುಮೆ ಸೇದುತ್ತಿದ್ದರು. ಅದಕ್ಕೆ ಕೆಂಡ ಒದಗಿಸುತ್ತಿದ್ದವರೇ ನಮ್ಮತ್ತೆ. ಗಂಡಸರು ಸೇದಿದರೆ ಅದು ಶಿವನ ಪ್ರಸಾದ. ಅಕ್ಕನ ಹಿತ್ತಲಲ್ಲಿ ಕಂಡರೆ ಮಾತ್ರ... "ಅಯ್ಯಯ್ಯೋ, ಗಾಂಜಾ ಬೆಳ್ದವ್ಳೆ ಕಣ್ರೋ! ಅದಕ್ಕೇ ಮುಳ್ಳು ಬಡ್ದವ್ಳೆ!" ಎಂದು ಓಣಿ ಕಿವುಡಾಗುವ ಹಾಗೆ ಕೂಗಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಪೊಲೀಸರು ಬಂದರು. ಗಿಡಗಳನ್ನು ಬೇರುಸಹಿತ ಕಿತ್ತರು. ಬೂಟುಗಾಲಿನಡಿ ಚೆಂಡುಹೂವೂ ನೆಲಸಮವಾಯಿತು. ಪಂಚನಾಮೆಗೆ ಸಾಕ್ಷಿ ಬೇಕಾಯಿತು. ಸಹಿ ಹಾಕಿದವರು ಯಾರು ಅಂತೀರಿ? ನಮ್ಮ ಮಾವ ಮತ್ತು ಅವರ ಭಜನೆ ಗೆಳೆಯರು. ಅಕ್ಕ ಒಬ್ಬೊಬ್ಬರ ಮುಂದೆಯೂ ಕೈ ಮುಗಿದಳು. "ಒಂದ್ ಗಿಡ ಬುಟ್ಬುಡ್ರಣ್ಣ. ಅವ್ರು ಇನ್ನೆಷ್ಟ್ ದಿನ ಇರ್ತಾರೆ? ಆಮ್ಯಾಕೆ ನನ್ನ ಎಲ್ಲಿಗಾದ್ರೂ ಕರ್ಕೊಂಡೋಗ್ರಿ" ಅಂದಳು. ಹಿರಿಯ ಪೊಲೀಸಿನವನು ಒಳಗೆ ಇಣುಕಿ, ಚಾಪೆಯ ಮೇಲಿದ್ದ ಜೀವವನ್ನು ನೋಡಿ, ಕೇಸು ಗೀಸು ಬೇಡ ಅಂದ. ಗಿಡ ಮಾತ್ರ ಬಿಡಲಿಲ್ಲ. ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಹೋದರು. ಬರೆದ ಪಂಚನಾಮೆಯೂ ಏನಾಯಿತೋ, ಗಿಡವೂ ಏನಾಯಿತೋ. ಮುಂದಿನ ಅಮಾವಾಸ್ಯೆಗೆ ನಮ್ಮ ಜಗಲಿಯ ಚಿಲುಮೆಯಂತೂ ತಪ್ಪಲಿಲ್ಲ.

ಅಲ್ಲಿಂದ ಮುಂದೆ ಆ ಮನೆಯ ತಟ್ಟೆ ಖಾಲಿಯಾಗಲಿಲ್ಲ. ಅಕ್ಕ ಮುದ್ದೆ ತಿರುವುವಳು, ನೀರಿನಲ್ಲಿ ಕದಡುವಳು, ಬಟ್ಟೆಯಲ್ಲಿ ಸೋಸಿ ತುಟಿಗೆ ಸವರುವಳು. ಒಳಗೆ ಇಳಿಯುತ್ತಿರಲಿಲ್ಲ. ನರಳಾಟ ಮತ್ತೆ ಶುರುವಾಯಿತು. ನಮ್ಮ ದೇವರ ಗೂಡು ಇದ್ದದ್ದು ಅದೇ ಗೋಡೆಯಲ್ಲಿ. "ದೀಪ ಹಚ್ಚೋ ಹೊತ್ನಲ್ಲಿ ಎಂಥ ಅಪಶಕುನ" ಎಂದು ಅತ್ತೆ ಗಂಟೆಯನ್ನು ಜೋರಾಗಿ ಅಲ್ಲಾಡಿಸುತ್ತಿದ್ದರು. ಆ ಗಂಟೆ ಕಿತ್ತು ಬಾವಿಗೆ ಎಸೆಯಬೇಕು ಅನ್ನಿಸುತ್ತಿತ್ತು ನನಗೆ. ದೀಪಾವಳಿಗೆ ಮುಂಚೆಯೇ ಅಕ್ಕನ ಗಂಡ ಹೋದರು. ಹಸಿದುಕೊಂಡೇ ಹೋದರು.

ಅಕ್ಕ ಮನೆ ಖಾಲಿ ಮಾಡಿ ತಮ್ಮನ ಊರಿಗೆ ಹೊರಟುಹೋದಳು. ಒಂದೆರಡು ವರ್ಷದ ಮೇಲೆ ಗೊರವನಹಳ್ಳಿಯ ಲಕ್ಷ್ಮಿಗೆ ಹರಕೆ ತೀರಿಸಿ ಬರುವಾಗ ಕೊರಟಗೆರೆಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ಕೂದಲು ನೆರೆತಿತ್ತು. ನನ್ನ ಕೈ ಹಿಡಿದುಕೊಂಡಳು. ನಾನು ಅಳುತ್ತಿದ್ದೆ, ಅವಳಲ್ಲ.

"ನಿಮ್ಮತ್ತೆ ಹೆಂಗವ್ರೆ?" ಅಂದಳು.

"ಚೆನ್ನಾಗಿದಾರೆ ಅಕ್ಕ."

"ಊಟ ಸೇರ್ತದಾ?"

ಸೇರುತ್ತೆ ಅಂತ ತಲೆಯಾಡಿಸಿದೆ. "ಅದೇ ದೊಡ್ಡದು ಕಣಮ್ಮ" ಅಂದಳು. ಅದರಲ್ಲಿ ಶಾಪ ಇತ್ತೋ, ಹಾರೈಕೆ ಇತ್ತೋ ತಿಳಿಯಲಿಲ್ಲ... ಸಿರಾ ಬಸ್ಸು ಬಂತು, ಹತ್ತಿ ಹೋದಳು.

ಆಮೇಲೆ ಅಕ್ಕನನ್ನು ನೋಡಲಿಲ್ಲ. ಈಗ ಇದ್ದಾಳೋ ಇಲ್ಲವೋ, ಹೇಳುವವರೂ ಇಲ್ಲ. ನಮ್ಮತ್ತೆ ತುಂಬು ಆಯಸ್ಸು ಬಾಳಿ, ಹೋದ ದಿನವೂ ಎರಡು ಸಲ ಸಾರು ಹಾಕಿಸಿಕೊಂಡು ಉಂಡು, ಮಲಗಿದಲ್ಲೇ ಹೋದರು. ಪುಣ್ಯವಂತೆ ಅಂದರು ಎಲ್ಲರೂ. ಆ ಕೊನೆಯ ಊಟ ಬಡಿಸಿದವಳು ನಾನು.