ಕ ಪ್ರತಿ ಯಾರದು?

ಸಿಂದಗಿಯ ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಮೇಲೆ ನಾನು ಮನೆಯಲ್ಲಿ ಸುಮ್ಮನೆ ಕೂರಬಹುದಿತ್ತು. ಕೂರುವ ಜಾಯಮಾನ ನನ್ನದಲ್ಲ. ನಮ್ಮ ಸೀಮೆಯ ಭಜನೆಗಳಲ್ಲಿ ಮೊದಲ ನಾಲ್ಕಾರು ನುಡಿ ಮಾತ್ರ ಹಾಡುವ, ಯಾರು ಕಟ್ಟಿದರೆಂದು ಯಾರಿಗೂ ಗೊತ್ತಿಲ್ಲದ ಒಂದು ಉದ್ದನೆಯ ತತ್ವಪದವನ್ನು ಹಳೆಯ ಪ್ರತಿಗಳನ್ನು ಹೋಲಿಸಿ ಶಾಸ್ತ್ರೋಕ್ತವಾಗಿ ಸಂಪಾದಿಸಿ ಅಚ್ಚು ಹಾಕಿಸುತ್ತೇನೆಂದು ಹೊರಟೆ. ಒಬ್ಬ ಹೆಂಗಸು ದೀಪ ಹಿಡಿದು ಹೊಸ್ತಿಲಲ್ಲಿ ನಿಂತು ಒಡೆಯನ ದಾರಿ ಕಾಯುವ ಹಾಡು ಅದು. ಒಡೆಯನಿಗೆ ಹೆಸರಿಲ್ಲ. ಹಾಗಾಗಿ ಇಂಡಿ ಊರಿನ ವೈಷ್ಣವರ ಮನೆಯಲ್ಲಿ ಅವನು ವಿಠ್ಠಲ, ಬಾಗೇವಾಡಿಯ ಗೌಡರ ಮನೆಯಲ್ಲಿ ಶಿವ, ತಂಗಡಗಿಯ ಮುಸ್ಲಿಮರ ಮನೆಯಲ್ಲಿ ಪೀರ. ಮೂರೂ ಮನೆಗಳಲ್ಲಿ ಹಳೆಯ ಕೈಬರಹದ ಒಂದೊಂದು ಪ್ರತಿ ಸಿಕ್ಕಿತು.

ಮೊದಲು ಸಿಕ್ಕಿದ್ದು ತಂಗಡಗಿಯ ಆಯಿಯದು. ಆಯಿ ಎಂದರೆ ಆ ಮನೆಯ ಹಿರಿಯ ಮುದುಕಿ. ಹಲ್ಲಿಲ್ಲ, ಕಣ್ಣು ಮಂಜು, ನಾಲಿಗೆ ಮಾತ್ರ ಈಗ ತಾನೇ ಸಾಣೆ ಹಿಡಿದದ್ದು. ಅವರ ಮನೆಯಲ್ಲಿ ಪ್ರತಿ ಗುರುವಾರ ಸಂಜೆ ಆ ಪದ ಹಾಡುವ ರೂಢಿ. ಆದರೆ ಪ್ರತಿಯ ಕೊನೆಯ ಹಾಳೆ ಆಯಿ ಸೊಸೆಯಾಗಿ ಬರುವ ಮೊದಲೇ ಕಳೆದುಹೋಗಿತ್ತು. ಹೆಂಗಸು ಹೊಸ್ತಿಲಿಗೆ ಬರುತ್ತಿದ್ದ ಹಾಗೆ ಹಾಡು ತಟ್ಟನೆ ನಿಲ್ಲುತ್ತಿತ್ತು, ಎಲ್ಲರೂ ಕೈ ಮುಗಿದು ಏಳುತ್ತಿದ್ದರು. ಆಯಿ ಜೀವಮಾನವಿಡೀ ಹಾಗೆಯೇ ಎದ್ದಿದ್ದಳು.

“ತಂಗಿ, ನನ್ನ ಹೆಸರ ಬುಕ್ಕಿನ್ಯಾಗ ಬ್ಯಾಡ, ಫೋಟೋನೂ ಬ್ಯಾಡ,” ಎಂದಳು, ಗಂಟು ಬಿಚ್ಚಿ ಪ್ರತಿಯನ್ನು ನನ್ನ ಕೈಗಿಡುತ್ತ. “ಅಂವ ಬಂದನೋ ಇಲ್ಲೋ, ಅದೊಂದ ಹೇಳು. ನಾ ಹೋಗೂದ್ರೊಳಗ ಹೇಳು ಮತ್ತ. ನಿಮ್ಮ ಓದಿದ ಮಂದಿ ಕೆಲಸ ಭಾಳ ತಡಾ ನೋಡು.”

“ಹೇಳ್ತೇನಿ ಆಯಿ,” ಎಂದು ಮಾತು ಕೊಟ್ಟೆ. ಇನ್ನೆರಡು ಪ್ರತಿಗಳಿವೆಯಲ್ಲ, ಅದರಲ್ಲೇನು ಮಹಾ ಎಂದುಕೊಂಡೆ.

ಮಹಾ ಇತ್ತು. ಸಂಪಾದನೆಯಲ್ಲಿ ಪ್ರತಿಗಳಿಗೆ ಕ, ಖ, ಗ ಎಂದು ಗುರುತು ಕೊಡುವ ಪದ್ಧತಿ. ಸಾಮಾನ್ಯವಾಗಿ ಹೆಚ್ಚು ನಂಬುವ ಪ್ರತಿಗೆ ಕ. ಅದರ ಪಾಠ, ಅಂದರೆ ಅದರಲ್ಲಿ ಬರೆದಿರುವ ಮಾತು, ಪುಟದಲ್ಲಿ ಮೇಲೆ ದಪ್ಪ ಅಕ್ಷರದಲ್ಲಿ, ಉಳಿದವು ಬೇರೆಯಾಗಿ ಹೇಳಿದ್ದೆಲ್ಲ ಕೆಳಗೆ ಸಣ್ಣ ಅಕ್ಷರದಲ್ಲಿ. ಈ ಸಂಗತಿಯನ್ನು ನಾನು ಇಂಡಿಯ ಆ ಮನೆಯ ಯಜಮಾನರಾದ ಹೆಡ್‌ಮಾಸ್ತರರಿಗೆ ವಿವರಿಸಿದ್ದೇ ತಪ್ಪಾಯಿತು. ನಿವೃತ್ತರಾದರೂ ಎದುರಿಗೆ ಕೂತವರನ್ನೆಲ್ಲ ಏಳನೇ ಇಯತ್ತೆಯ ಹುಡುಗರಂತೆ ನೋಡುವವರು ಅವರು.

“ಅಂದ್ರ ನಮ್ಮದ ಕ. ಹೌದಲ್ರಿ ಮೇಡಂ?” ಎಂದರು.

“ನೋಡಬೇಕ್ರಿ ಸರ್. ಬಾಗೇವಾಡಿಯೊಳಗೂ ಒಂದು ಪ್ರತಿ ಐತಿ.”

“ಬಾಗೇವಾಡಿ!” ಮಾಸ್ತರರು ಚಹಾದ ಬಸಿ ಕೆಳಗಿಟ್ಟರು. “ಅವರದು ನಮ್ಮದನ್ನ ನೋಡಿ ಬರಕೊಂಡದ್ದು. ನಕಲು!” ಎಂದವರೇ ನನ್ನ ಮುಂದಿದ್ದ ಕಟ್ಟಿನಿಂದ ಕೊನೆಯ ಹಾಳೆಯನ್ನು ಮೆಲ್ಲಗೆ ಎಳೆದು ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. “ಉಳಿದದ್ದು ಒಯ್ಯಿರಿ. ಇದು ಮಾತ್ರ, ನಮ್ಮದು ಕ ಅಂತ ಪಕ್ಕಾ ಆದ ದಿನ.”

ಬಾಗೇವಾಡಿಯ ಗೌಡಶಾನಿಯವರು, ಅಂದರೆ ಗೌಡರ ಮನೆಯ ಯಜಮಾನಿ, ಇಷ್ಟು ಒರಟಲ್ಲ. ಶೇಂಗಾ ಹೋಳಿಗೆ ತಿನಿಸಿ, ತುಪ್ಪ ಸುರಿದು, ಬಾಯಿ ತುಂಬಿದ ಹೊತ್ತು ನೋಡಿ ಕೇಳಿದರು. “ಹೌದಬೇ, ಇಂಡಿ ಮಾಸ್ತರ ಹಾಳಿ ಕೊಡವಲ್ರಂತ? ನಾವೂ ಕೊಡೂದಿಲ್ಲ ತಗೋ. ನಮ್ಮ ಹಿರ್ಯಾರ ಹಾಡು ಅವರ ಕೆಳಗ ಸಣ್ಣಾಗಿ ಕೂಡ್ತೈತೇನು?” ಸುದ್ದಿ ನನಗಿಂತ ಮೊದಲು ಬಾಗೇವಾಡಿ ತಲುಪಿತ್ತು! ಹಾಳೆ ಬೇಡ, ಒಡೆಯ ಬಂದನೋ ಇಲ್ಲವೋ ಅಷ್ಟಾದರೂ ಹೇಳಿ ಎಂದು ಅಂಗಲಾಚಿದೆ. “ಬಾಯಿಲೆ ಹೇಳಿದ್ರ ಹಾಳಿ ಕೊಟ್ಟಂಗ ಆತಲ್ಲ,” ಎಂದು ಇನ್ನೊಂದು ಹೋಳಿಗೆ ಹಾಕಿದರು. ಸಿಟ್ಟಿನಲ್ಲಿ ಅದನ್ನೂ ತಿಂದೆ.

ಬೇಸಿಗೆ ಹೀಗೇ ಕಳೆಯಿತು. ಆಯಿಯ ಮೊಮ್ಮಗ ಮುದ್ದೇಬಿಹಾಳದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ. ಆಗಾಗ ಫೋನ್ ಮಾಡುತ್ತಿದ್ದ. “ಆಯಿ ಕೇಳಾಕತ್ತಾಳ್ರಿ, ಬಂದನೇನು ಅಂತ.” ಒಂದು ದಿನ ಅವನ ದನಿ ಸಣ್ಣದಾಗಿತ್ತು. “ಊಟ ಬಿಟ್ಟಾಳ್ರಿ. ಡಾಕ್ಟರ ಏನೂ ಪಕ್ಕಾ ಹೇಳವಲ್ಲರು. ಆಕಿ ಮಾತ್ರ ಅದನ್ನ ಕೇಳಾಕತ್ತಾಳ.”

ಸಾಯುವ ಮುದುಕಿಗೆ ಕೊಟ್ಟ ಮಾತು ಇಬ್ಬರು ಹಿರಿಯರ ಹಟದಲ್ಲಿ ಸಿಕ್ಕಿ ಒದ್ದಾಡುತ್ತಿತ್ತು. ತಡಿ ಮಕ್ಕಳಾ ಎಂದುಕೊಂಡು ಇಬ್ಬರಿಗೂ ಒಂದೇ ಮಧ್ಯಾಹ್ನ ಫೋನ್ ಹಚ್ಚಿದೆ.

“ಕ ತೀರ್ಮಾನ ಆತ್ರಿ. ತಂಗಡಗಿ ಆಯಿದು. ಕಾಗದ ಹಳೇದು, ಅಕ್ಷರ ಹಳೇದು,” ಎಂದೆ. ಅದು ನಿಜವೇ. ಆಯಿಯ ಹೆಸರು ಬಂದ ಕೂಡಲೇ ಇಬ್ಬರೂ ಮೆತ್ತಗಾದರು. ಸೀಮೆಯಲ್ಲೆಲ್ಲ ಹೆಸರಾದ ಆ ನಾಲಿಗೆಗೆ ಎದುರಾಡುವ ಧೈರ್ಯ ಯಾರಿಗಿದೆ? “ಆದ್ರ ಅದಕ್ಕ ಕೊನಿ ಇಲ್ಲ. ಯಾರ ಹಾಳಿ ಮೊದಲ ಬರ್ತೈತಿ, ಅವರ ಕೊನಿ ಮ್ಯಾಲ ದಪ್ಪ ಅಕ್ಷರದಾಗ. ನಂತರ ಬಂದದ್ದು ಕೆಳಗ.”

ಗ್ರಂಥಸಂಪಾದನ ಶಾಸ್ತ್ರದಲ್ಲಿ ಇಂಥ ನಿಯಮ ಎಲ್ಲೂ ಇಲ್ಲ. ಆ ಮಧ್ಯಾಹ್ನ ಫೋನ್ ಕೈಯಲ್ಲಿ ಹಿಡಿದು ನಾನೇ ಹುಟ್ಟಿಸಿದ್ದು. ನನ್ನ ಗುರುಗಳು ಕೇಳಿಸಿಕೊಂಡಿದ್ದರೆ ಕೋಲು ತಗೊಂಡು ಬರುತ್ತಿದ್ದರು.

ಚಹಾಕ್ಕೆ ಇಟ್ಟ ನೀರು ಇನ್ನೂ ಕುದಿದಿರಲಿಲ್ಲ, ವಾಟ್ಸಾಪ್ ಟಿಣ್ ಎಂದಿತು. ಮಾಸ್ತರರು. ಫೋಟೋದಲ್ಲಿ ಹಾಳೆಯ ಜೊತೆ ಅವರ ಹೆಬ್ಬೆರಳೂ ಬಂದಿತ್ತು. ಹಿಂದೆಯೇ ಇನ್ನೊಂದು ಟಿಣ್. ಗೌಡಶಾನಿಯವರು. ಗೆದ್ದೆ ಎಂದು ಅಡುಗೆಮನೆಯಲ್ಲಿ ಒಬ್ಬಳೇ ಚಪ್ಪಾಳೆ ಹೊಡೆದೆ. ಆಮೇಲೆ ಎರಡೂ ಹಾಳೆ ಓದಿದೆ, ಕೈ ಕೆಳಗಾಯಿತು.

ಇಂಡಿಯ ಪ್ರತಿಯಲ್ಲಿ ಒಡೆಯ ಬರುತ್ತಾನೆ, ಹೆಂಗಸು ಅವನ ಕಾಲು ತೊಳೆದು ಒಳಗೆ ಕರೆಯುತ್ತಾಳೆ. ಬಾಗೇವಾಡಿಯದರಲ್ಲಿ ಬರುವುದಿಲ್ಲ. ಎಣ್ಣೆ ತೀರುತ್ತದೆ, ದೀಪ ಆರುತ್ತದೆ, ಅವಳು ಕತ್ತಲಲ್ಲಿ ಕೂತಿರುತ್ತಾಳೆ. ಯಾವುದು ಮೂಲ? ಯಾವ ಶಾಸ್ತ್ರದಿಂದಲೂ ಹೇಳುವಂತಿರಲಿಲ್ಲ.

ಮರುದಿನ ಮುದ್ದೇಬಿಹಾಳದ ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ನನ್ನೊಡನೆ ನಾನೇ ಜಗಳವಾಡಿದೆ. ಇಂಡಿಯದನ್ನಷ್ಟೇ ಓದಿಬಿಡು, ಬಾಗೇವಾಡಿಯ ಸುದ್ದಿಯೇ ಎತ್ತಬೇಡ, ಮುದುಕಿ ನಗುತ್ತ ಹೋಗಲಿ ಎಂದು ಮನಸ್ಸು ಹೇಳುತ್ತಿತ್ತು. ಮುದ್ದೇಬಿಹಾಳದಲ್ಲಿ ಬಸ್ಸು ಬದಲಿಸಿ ತಂಗಡಗಿಯಲ್ಲಿ ಇಳಿಯುವಾಗ ಅದೇ ಗಟ್ಟಿಯಾಗಿತ್ತು.

ಆಯಿ ಗೋಡೆಗೆ ಆತುಕೊಂಡು ಕೂತಿದ್ದಳು, ಹಿಡಿಯಷ್ಟಾಗಿದ್ದಳು. “ಬಂದನೇನು?” ಎಂದಳು, ನಾನು ಚಪ್ಪಲಿ ಬಿಡುವ ಮೊದಲೇ.

ಆ ಮುಖ ನೋಡಿದ ಮೇಲೆ ಸುಳ್ಳು ಹೇಳಲಾಗಲಿಲ್ಲ. “ಆಯಿ, ಇಂಡಿ ಹಾಳಿಯೊಳಗ ಬಂದಾನ. ಬಾಗೇವಾಡಿ ಹಾಳಿಯೊಳಗ ಬಂದಿಲ್ಲ.”

ಆ ಬೊಚ್ಚು ಬಾಯಿ ಅಗಲವಾಯಿತು.

“ಅಂದ್ರ ಇಂಡಿಗೆ ಬಂದಾನ,” ಎಂದಳು. “ಬಾಗೇವಾಡಿಗೆ ಇನ್ನೂ ಮುಟ್ಟಿಲ್ಲ. ಅಲ್ಲಿಂದ ಮುದ್ದೇಬಿಹಾಳ, ಅದರ ಆಚಿಗೆ ನಾವು. ಹಂಗಾರ ಹಾದಿ ಮ್ಯಾಲ ಅದಾನಲ್ಲ! ಅದನ್ನ ಹೇಳಾಕ ಇಷ್ಟ್ಯಾಕ ಮಾರಿ ಸಣ್ಣ ಮಾಡಿ?” ಸೊಸೆಯ ಕಡೆ ತಿರುಗಿದಳು. “ಅಂಬಲಿ ತಾ ಬೇ. ಅಂವ ಬರೂದು ಇನ್ನೂ ಹೊತ್ತೈತಿ.”

ಕುಡಿದಳು. ಕುಡಿದು ನನಗೆ ಅಪ್ಪಣೆ ಕೊಟ್ಟಳು. “ನಮ್ಮದರಾಗ ಹೆಂಗ ಐತಿ ಹಂಗ ಇರ್ಲಿ. ಆಕಿ ಹೊಸ್ತಿಲದಾಗ ನಿಂತಿರ್ಲಿ.”

ಹಾಗೆಯೇ ಅಚ್ಚಾಯಿತು. ಮೇಲೆ ದಪ್ಪ ಅಕ್ಷರದಲ್ಲಿ ಹಾಡು ಹೊಸ್ತಿಲವರೆಗೆ, ಆಮೇಲೆ ಖಾಲಿ ಜಾಗ. ಕೆಳಗೆ ಸಣ್ಣ ಅಕ್ಷರದಲ್ಲಿ ಇಂಡಿ, ಬಾಗೇವಾಡಿ ಎರಡೂ ಅಕ್ಕಪಕ್ಕ. ಗೌಡಶಾನಿಯವರು ಇನ್ನು ಹೋಳಿಗೆಯ ಆಸೆ ಬಿಡು ಎಂದು ಹೇಳಿ ಕಳಿಸಿದರು. ಮಾಸ್ತರರು ತಿಂಗಳು ಮಾತು ಬಿಟ್ಟು, ಕಡೆಗೆ ಫೋನ್ ಮಾಡಿ, “ನಮ್ಮದು ಎಡಕ್ಕ ಐತಲ್ರಿ, ಎಡದ್ದ ಮೊದಲ ಓದ್ತಾರ,” ಎಂದರು. ಹೌದ್ರಿ ಸರ್ ಎಂದೆ.

ಪುಸ್ತಕ ತಗೊಂಡು ಒಂದು ಗುರುವಾರ ಸಂಜೆ ತಂಗಡಗಿಗೆ ಹೋದೆ. ಮೊಮ್ಮಗ ಪುಸ್ತಕ ನೋಡಿ ಹಾಡಿದ, ಹೊಸ್ತಿಲಿಗೆ ಬಂದು ನಿಲ್ಲಿಸಿದ. ಎಲ್ಲರೂ ಕೈ ಮುಗಿದು ಎದ್ದರು. ಸೊಸೆ ಬಾಗಿಲು ಹಾಕಲು ಹೋದಳು.

“ಏ, ಹಾಕಬ್ಯಾಡ,” ಎಂದಳು ಆಯಿ.