ಗಂಡ–ಹೆಂಡತಿ ಮಾರ್ಗವಾಗಿ ಕ್ಯಾಲ್ಕುಲಸ್

ಹನ್ನೊಂದನೆಯ ತರಗತಿಯ ಹುಡುಗಿಗೆ ಬಿ.ಎಸ್ಸಿ. ಗಣಿತ ಯಾಕೆ ಬೇಕಿತ್ತು ಎಂದು ಯಾರಾದರೂ ಕೇಳಿದರೆ, ಜ್ಞಾನದ ಹಸಿವು ಮುಂತಾದ ದೊಡ್ಡ ಮಾತುಗಳನ್ನು ನಾನು ಆಡಬಹುದು. ನಿಜ ಸಂಗತಿ ಎಂದರೆ ಮೈಸೂರಿನಲ್ಲಿ ನನಗೊಬ್ಬರು ಸೋದರತ್ತೆ ಇದ್ದರು.

ತೊಂಬತ್ತರ ದಶಕ. ನಾವು ಇದ್ದದ್ದು ಸೌದಿಯ ಅಲ್ ಖೋಬರ್‌ನಲ್ಲಿ. ಅಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಹನ್ನೆರಡನೆಯ ತರಗತಿ ಮುಗಿದರೆ ನಮ್ಮಂಥವರ ವಿದ್ಯಾಭ್ಯಾಸಕ್ಕೆ ನೆಲ ಮುಗಿಯಿತು ಎಂದೇ ಅರ್ಥ. ಮಕ್ಕಳನ್ನು ಊರಿಗೆ ರವಾನಿಸುವುದು ವಾಡಿಕೆ. ನನ್ನ ರವಾನೆಯ ವಿಳಾಸ ಸೋದರತ್ತೆಯ ಮನೆ ಎಂದು ಮೊದಲೇ ತೀರ್ಮಾನವಾಗಿತ್ತು. ಅವರು ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತಿದ್ದರು. ಐದಕ್ಕೆ ಏಳುವವರನ್ನು ಕಾಯಿಲೆಯವರೆಂದು ತಿಳಿದು ಕಷಾಯ ಕೊಡುತ್ತಿದ್ದರು. ಅವರ ಮನೆಯಲ್ಲಿ ಹುಡುಗಿಯರು ನಕ್ಕರೆ ಕಾರಣ ಹೇಳಬೇಕಿತ್ತು, ಕಾರಣ ಹೇಳಿದರೆ ಅದು ಸಾಲದು ಎಂದಾಗುತ್ತಿತ್ತು.

ಇದರಿಂದ ತಪ್ಪಿಸಿಕೊಳ್ಳಲು ಇದ್ದದ್ದು ಒಂದೇ ದಾರಿ, ಖೋಬರ್‌ನಲ್ಲೇ ಕೂತು ಅಂಚೆ ಮೂಲಕ ಡಿಗ್ರಿ ಓದುವುದು. ಅಪ್ಪ ಒಂದು ಕಂಪನಿಯ ಖರೀದಿ ವಿಭಾಗದಲ್ಲಿದ್ದರು. ಮಾದರಿ ನೋಡದೆ ಏನನ್ನೂ ಒಪ್ಪಿಕೊಳ್ಳುವ ಜಾತಿಯವರಲ್ಲ. ಊರಿನ ಒಂದು ಅಂಚೆ ವಿಶ್ವವಿದ್ಯಾಲಯವು ಶಾಲೆಯಲ್ಲಿ ಓದುತ್ತಿರುವವರಿಗೂ ಮೊದಲ ವರ್ಷದ ಡಿಗ್ರಿಯ ಒಂದು ಪೇಪರನ್ನು ಮುಂಗಡವಾಗಿ ಬರೆಯಲು ಬಿಡುತ್ತದೆ ಎಂಬುದನ್ನು ಪತ್ತೆ ಮಾಡಿಕೊಂಡು ಬಂದವರೂ ಅವರೇ.

"ನೋಡು ಪುಟ್ಟಿ, ಈ ಒಂದು ಪೇಪರು ಪಾಸ್ ಮಾಡು. ಇಲ್ಲೇ ಇರು, ನಾನು ಚಕಾರ ಎತ್ತಲ್ಲ. ಫೇಲಾದ್ರೆ ಅತ್ತೆಗೆ ಕಾಗದ ಬರೀತೀನಿ."

ಹೀಗೆ ನನ್ನ ಉಳಿವು ಕ್ಯಾಲ್ಕುಲಸ್‌ನ ಮೇಲೆ ನಿಂತಿತು.

ನಮ್ಮ ಶಾಲೆಗೆ ಎರಡು ಕಟ್ಟಡ. ಒಂದು ಹುಡುಗರದು, ಒಂದು ಹುಡುಗಿಯರದು, ನಡುವೆ ಎತ್ತರದ ಗೋಡೆ. ಡಿಗ್ರಿ ಗಣಿತ ಹೇಳಿಕೊಡಬಲ್ಲವರು ಒಬ್ಬರೇ. ಹಿಂದೆ ಧಾರವಾಡದಲ್ಲಿ ಕಾಲೇಜು ಹುಡುಗರಿಗೆ ಕಲಿಸಿ ಬಂದಿದ್ದ ಅವರನ್ನು ಎಲ್ಲರೂ ಪ್ರೊಫೆಸರ್ ಎನ್ನುತ್ತಿದ್ದರು. ಆ ಪೇಪರಿಗೆ ಕಟ್ಟಿದವರು ಎಂಟು ಹುಡುಗರು ಮತ್ತು ನಾನು. ಪ್ರೊಫೆಸರು ನಮ್ಮ ಕಟ್ಟಡಕ್ಕೆ ಬರುವಂತಿಲ್ಲ, ನಾನು ಅವರ ಕಟ್ಟಡಕ್ಕೆ ಹೋಗುವಂತಿಲ್ಲ. ನಮ್ಮ ಕಡೆಯ ಗಣಿತದ ಮಿಸ್ಸು ಹೆರಿಗೆಗೆಂದು ಕೇರಳಕ್ಕೆ ಹೋಗಿದ್ದರು. ಆಡಳಿತ ಮಂಡಳಿಯವರು ಎರಡು ಸಭೆ ಸೇರಿ, ಚಹಾ ಕುಡಿದು, ಪರಿಹಾರ ಕಂಡುಹಿಡಿದರು. ಪ್ರೊಫೆಸರರ ಮೇಜಿನ ಮೇಲೆ ಒಂದು ಮೈಕು. ಅದರ ವಯರು ಗೋಡೆ ಹತ್ತಿ ಇಳಿದು ನಮ್ಮ ಉಗ್ರಾಣಕ್ಕೆ ಬಂದು ಒಂದು ಲೌಡ್‌ಸ್ಪೀಕರಿಗೆ ಸೇರುವುದು. ಅಲ್ಲಿ ಮುರಿದ ಗ್ಲೋಬು, ಕ್ರೀಡಾದಿನದ ಡ್ರಮ್ಮುಗಳು ಮತ್ತು ಪ್ರಯೋಗಾಲಯದಿಂದ ನಿವೃತ್ತವಾದ ಒಂದು ಅಸ್ಥಿಪಂಜರದ ನಡುವೆ ನಾನು ಉನ್ನತ ಶಿಕ್ಷಣ ಪಡೆಯತಕ್ಕದ್ದು. ಹುಡುಗಿಯೊಬ್ಬಳು ಗಂಡಸಿನ ದನಿಯ ಜೊತೆ ಒಂಟಿಯಾಗಿ ಕೂರುವುದು ಸರಿಯಲ್ಲವಾದ್ದರಿಂದ ಕಾವಲಿಗೆ ಶಾಲೆಯ ಆಯಮ್ಮ.

ಗಣಿತವನ್ನು ಬರಿಯ ಕಿವಿಯಿಂದ ಕಲಿತವರು ಕಡಿಮೆ. ಪ್ರೊಫೆಸರು ಪಾಠ ಮಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ, ಆದರೆ ಬೋರ್ಡಿನ ಜೊತೆ ಮಾತಾಡುತ್ತಿದ್ದದ್ದು ಧಾರವಾಡದ ಕನ್ನಡದಲ್ಲಿ. "ಇದನ್ನ ಇಲ್ಲಿಂದ ತಗದು ಅಲ್ಲಿ ಹಾಕೋದು. ಇದು ಹೋತು, ಅದು ಉಳೀತು," ಎನ್ನುವರು. ಏನು ಹೋಯಿತು, ಏನು ಉಳಿಯಿತು ಎಂಬುದು ಎಂಟು ಹುಡುಗರಿಗೆ ಕಾಣುತ್ತಿತ್ತು. ನನಗೆ ಅಸ್ಥಿಪಂಜರ ಕಾಣುತ್ತಿತ್ತು. ಪಾಠದ ಪುಸ್ತಕಗಳು ಊರಿನಿಂದ ಅಂಚೆಯಲ್ಲಿ ಹೊರಟಿವೆ ಎಂದು ಕಾಗದ ಬಂದಿತ್ತು. ಪರೀಕ್ಷೆ ಮುಗಿಯುವವರೆಗೂ ಅವು ಹೊರಟೇ ಇದ್ದವು.

ಸಂದೇಹ ಬಂದರೆ ಏನು ಗತಿ ಎಂಬುದನ್ನು ಆಡಳಿತ ಮಂಡಳಿ ಯೋಚಿಸಿರಲಿಲ್ಲ. ಚೀಟಿ ಬರೆಯುವ ಹಾಗಿಲ್ಲ. ಹುಡುಗಿಯ ಕೈಬರಹ ಗೋಡೆ ದಾಟಿದರೆ ಅದರಲ್ಲಿ ಕ್ಯಾಲ್ಕುಲಸ್ ಇದೆಯೆಂದು ಯಾರು ನಂಬುತ್ತಾರೆ? ದಾರಿ ತೋರಿಸಿದವರು ಆಯಮ್ಮನೇ. ಆಕೆ ಮಂಗಳೂರು ಕಡೆಯ ಬ್ಯಾರಿ ಹೆಂಗಸು. ಆಕೆಯ ಗಂಡ ಹುಡುಗರ ಕಟ್ಟಡದ ವಾಚ್‌ಮನ್. ಇಡೀ ಶಾಲೆಯಲ್ಲಿ ಗೋಡೆಯ ಆಚೆ ಈಚೆ ನಿಂತು ಪರಸ್ಪರ ಮಾತಾಡುವ ಹಕ್ಕಿದ್ದ ಒಂದೇ ಗಂಡು, ಒಂದೇ ಹೆಣ್ಣು ಇವರು. ಗೋಡೆಯಲ್ಲಿ ಒಂದು ಕಬ್ಬಿಣದ ಬಾಗಿಲು, ಬಾಗಿಲಲ್ಲಿ ಊಟದ ಡಬ್ಬಿ ದಾಟುವಷ್ಟು ಕಿಂಡಿ. ನನ್ನ ಸಂದೇಹಗಳು ಆ ಡಬ್ಬಿಯ ಹಿಂದೆಯೇ ದಾಟತೊಡಗಿದವು. ತಮ್ಮೊಳಗೆ ಅವರು ಬ್ಯಾರಿ ಭಾಷೆಯಲ್ಲಿ ಮಾತಾಡುತ್ತಿದ್ದರು. ಗಣಿತ ಮಾತ್ರ ಕನ್ನಡದಲ್ಲಿ ನಡೆಯುತ್ತಿತ್ತು, ಏಕೆಂದರೆ ಪ್ರೊಫೆಸರರಿಗೆ ಬ್ಯಾರಿ ಬಾರದು.

"ಓಯ್, ಕೇಳ್ತದಾ? ಮಾಷ್ಟ್ರಲ್ಲಿ ಕೇಳ್ಬೇಕಂತೆ, ಆ ಡಿ ಎಕ್ಸ್ ಎಲ್ಲಿ ಹೋಯ್ತು ಅಂತ."

"ಯಾರದ್ದು ಅದು?"

"ಈ ಹುಡುಗಿದ್ದು. ಬೇಗ ಹೋಗಿ ಮಾರಾಯ್ರೆ, ಅನ್ನ ತಣಿಯುವ ಮೊದ್ಲು."

ಹತ್ತು ನಿಮಿಷದಲ್ಲಿ ಉತ್ತರ ಬಂತು. "ಅಲ್ಲೇ ಉಂಟಂತೆ. ಬರೀದಿದ್ರೂ ಉಂಟು ಅಂತ ತಿಳ್ಕೊಳ್ಬೇಕಂತೆ."

ಆಯಮ್ಮ ನನ್ನ ಕಡೆ ತಿರುಗಿ ವ್ಯಾಖ್ಯಾನ ಸೇರಿಸಿದರು. "ನಮ್ಮ ಪಾಸ್‌ಪೋರ್ಟಿನ ಹಾಗೆ. ಕಣ್ಣಿಗೆ ಕಾಣುದಿಲ್ಲ, ಕೆಲಸ ಕೊಟ್ಟ ಕಫೀಲನ ಹತ್ರ ಉಂಟು."

ಡಿ ಎಕ್ಸನ್ನು ಇಷ್ಟು ಚೆನ್ನಾಗಿ ನನಗೆ ಮುಂದೆ ಯಾರೂ ವಿವರಿಸಲಿಲ್ಲ.

ಹೀಗೆ ನಾಲ್ಕು ತಿಂಗಳು ವಿದ್ಯೆ ಸಾಗಿತು. ಪರೀಕ್ಷೆಗೆ ಹದಿನೆಂಟು ದಿನ ಇದೆ ಎನ್ನುವಾಗ ಒಂದು ಸೋಮವಾರ ಲೌಡ್‌ಸ್ಪೀಕರನ್ನು ಶಾಲೆಯ ವಾರ್ಷಿಕೋತ್ಸವಕ್ಕೆ ಎತ್ತಿಕೊಂಡು ಹೋದರು. ಅವತ್ತಿನ ಪಾಠ ನನಗೆ ತಪ್ಪುತ್ತದಲ್ಲ ಎಂದು ವಾಚ್‌ಮನ್ನರ ಮನಸ್ಸು ಕರಗಿತು. ಅವರು ತಮ್ಮ ಟೇಪ್ ರೆಕಾರ್ಡರನ್ನು ಒಯ್ದು ಪ್ರೊಫೆಸರರ ಮೇಜಿನ ಮೇಲಿಟ್ಟು, ಮನೆಯ ಕಪಾಟಿನಲ್ಲಿ ಸಿಕ್ಕ, ಹೆಸರು ಬರೆಯದ ಒಂದು ಕ್ಯಾಸೆಟ್ಟಿನಲ್ಲಿ ಇಡೀ ಪಾಠವನ್ನು ತುಂಬಿಸಿಕೊಂಡು ಬಂದರು. ಮರುದಿನ ಟೇಪ್ ರೆಕಾರ್ಡರು ಕಿಂಡಿಯಲ್ಲಿ ತೂರದೆ, ಶಾಲೆಯ ಬಸ್ಸಿನಲ್ಲಿ ಸುತ್ತಿ ಬಂದು ನಮ್ಮ ಉಗ್ರಾಣ ಸೇರಿತು.

ನಾನೂ ಆಯಮ್ಮನೂ ಕೂತು ಕೇಳಿದೆವು. ಪಾಠ ಚೆನ್ನಾಗಿಯೇ ಇತ್ತು. ಇಪ್ಪತ್ತಾರು ನಿಮಿಷಕ್ಕೆ ಮುಗಿಯಿತು. ಕುರ್ಚಿಗಳು ಸರಿದವು. ಕಟಕ್ ಎಂದಿತು. ಆಮೇಲೆ ಒಬ್ಬ ಮುದುಕಿಯ ದನಿ, ಬ್ಯಾರಿಯಲ್ಲಿ, ಮಾತಿನ ನಡುವಿನಿಂದ ಶುರುವಾಯಿತು.

ಆಯಮ್ಮ ಟೇಪಿನ ಹತ್ತಿರಕ್ಕೆ ಬಾಗಿದರು. "ಇದು ನನ್ನ ಉಮ್ಮ," ಎಂದರು.

ಆಗ ಊರಿನವರು ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ, ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಆಯಮ್ಮನ ತಾಯಿ ಮಾತಾಡಿ ಕಳಿಸಿದ್ದ ಕ್ಯಾಸೆಟ್ ಅದು. ಬಂದ ದಿನ ಒಂದು ಸಲ ಕೇಳಿ, ಎರಡನೆಯ ಸಲಕ್ಕೆ ಶುಕ್ರವಾರದ ರಜೆ ಬರಲಿ ಎಂದು ಕಾಯ್ದಿರಿಸಿದ್ದರು. ಈಗ ಇಪ್ಪತ್ತಾರು ನಿಮಿಷದ ತಾಯಿಯ ಮೇಲೆ ಗಣಿತ ಕೂತಿತ್ತು. ಉಳಿದದ್ದು ಕೊನೆಯ ನಾಲ್ಕು ನಿಮಿಷ. ಅದರ ಮೊದಲ ವಾಕ್ಯದ ಅರ್ಥ, "ಅದಕ್ಕೇ ನಾನು ಅವಳಿಗೆ ಕೊಡಲಿಲ್ಲ." ಯಾರಿಗೆ, ಏನು, ಯಾಕೆ ಎಂಬುದು ಶಾಶ್ವತವಾಗಿ ಅಳಿಸಿಹೋಗಿತ್ತು. ಆಯಮ್ಮನಿಗೆ ಎಷ್ಟು ನೆನೆದರೂ ನೆನಪಾಗಲಿಲ್ಲ.

ಆ ಮಧ್ಯಾಹ್ನದಿಂದ ಆಯಮ್ಮ ಗಂಡನೊಡನೆ ಮಾತು ಬಿಟ್ಟರು. ಮನೆಯಲ್ಲೂ ಇಲ್ಲ, ಕಿಂಡಿಯಲ್ಲೂ ಇಲ್ಲ. ಡಬ್ಬಿ ಮಾತ್ರ ದಾಟುತ್ತಿತ್ತು. ಅದರಲ್ಲಿ ಉಪ್ಪೂ ಸರಿಯಾಗಿಯೇ ಇತ್ತಂತೆ. ಅದರಿಂದ ವಾಚ್‌ಮನ್ನರಿಗೆ ಇನ್ನಷ್ಟು ಹೆದರಿಕೆಯಾಯಿತು.

"ಆಯಮ್ಮ, ತಪ್ಪು ನನ್ನಿಂದ ಆದದ್ದು. ನನ್ನ ಮೇಲೆ ಸಿಟ್ಟು ಮಾಡಿ."

"ಕ್ಯಾಸೆಟ್ ತೆಗ್ದದ್ದು ನೀನಾ? ಅಲ್ಲ. ಸುಮ್ನೆ ಕೂತು ಓದು."

ಓದುವುದೇ ಆಗುತ್ತಿರಲಿಲ್ಲ. ಆ ಪಾಠದಲ್ಲಿ, ಒಂದು ಕಷ್ಟದ ಲೆಕ್ಕವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ಒಂದು ಸೂತ್ರವಿತ್ತು. ಪರೀಕ್ಷೆಯಲ್ಲಿ ಅದು ಬಂದೇ ಬರುತ್ತದೆ ಎಂದು ಪ್ರೊಫೆಸರರೇ ಟೇಪಿನಲ್ಲಿ ಹೇಳಿದ್ದರು. ಸೂತ್ರದ ನಡುವೆ ಅವರು ಸ್ಪಷ್ಟವಾಗಿ "ಮೈನಸ್" ಎಂದಿದ್ದರು. ಆ ಮೈನಸ್ ಹಾಕಿ ಲೆಕ್ಕ ಮಾಡಿದರೆ ನಾನೇ ಗೆರೆ ಎಳೆದು ಬರೆದ, ಕಾಗದದ ಮೇಲೆ ಕಣ್ಣಾರೆ ಕಾಣುವ ಒಂದು ಗುಡ್ಡದ ವಿಸ್ತೀರ್ಣ ಸೊನ್ನೆಗಿಂತ ಕಡಿಮೆ ಬರುತ್ತಿತ್ತು. ನನಗೆ ಗುರುಗಳ ಮೇಲೆ ಇದ್ದ ಭಕ್ತಿ ಎಂಥದೆಂದರೆ, ಸೂತ್ರ ತಪ್ಪಿರಬಹುದು ಎಂಬ ಯೋಚನೆಯೇ ಸುಳಿಯಲಿಲ್ಲ. ಗುಡ್ಡವೇ ತಪ್ಪಿರಬೇಕು ಎಂದುಕೊಂಡೆ. ಮೈನಸ್ಸಿನ ಮರ್ಯಾದೆ ಉಳಿಸಲು ಅದುವರೆಗೆ ಸರಿಯಾಗಿ ಕಲಿತಿದ್ದ ಮೂರು ಸೂತ್ರಗಳನ್ನು ತಿದ್ದಿದೆ. ಒಂದು ವಾರದಲ್ಲಿ ನನ್ನದೇ ಆದ, ಜಗತ್ತಿನಲ್ಲಿ ಬೇರೆ ಯಾರೂ ಬಳಸದ ಕ್ಯಾಲ್ಕುಲಸ್ ಸಿದ್ಧವಾಗಿತ್ತು.

ಅಪ್ಪನ ಮೂಲಕ ಪ್ರೊಫೆಸರರನ್ನು ಕೇಳಿಸಬಹುದಿತ್ತು. ಆದರೆ ನನಗೆ ಗೊತ್ತಿಲ್ಲ ಎಂದು ಅಪ್ಪನಿಗೆ ಹೇಳುವುದೂ ಸೋದರತ್ತೆಗೆ ನಾನೇ ಕಾಗದ ಬರೆಯುವುದೂ ಒಂದೇ. ಸುತ್ತುಬಳಸಿ ಕೇಳಿ ನೋಡಿದೆ.

"ಅಪ್ಪಾ, ಒಂದು ಜಾಗದ ವಿಸ್ತೀರ್ಣ ಸೊನ್ನೆಗಿಂತ ಕಡಿಮೆ ಇರಬಹುದಾ?"

ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಇರಬಹುದು. ನಿಮ್ಮ ದೊಡ್ಡಪ್ಪ ಮೈಸೂರಲ್ಲಿ ಅಂಥದೇ ಒಂದು ಸೈಟು ತಗೊಂಡಿದ್ದಾರೆ."

ಇತ್ತ ಉಗ್ರಾಣದಲ್ಲಿ ಆಯಮ್ಮ ದಿನಾ ಕ್ಯಾಸೆಟ್ ಕೇಳುತ್ತಿದ್ದರು. ಆ ಟೇಪ್ ರೆಕಾರ್ಡರಿಗೆ ಒಂದು ರೋಗವಿತ್ತು. ಮುಂದಕ್ಕೆ ಓಡಿಸುವ ಗುಂಡಿ ಒತ್ತಿದರೆ ಟೇಪನ್ನು ಜಗಿಯುತ್ತಿತ್ತು. ಉಳಿದ ನಾಲ್ಕು ನಿಮಿಷದ ತಾಯಿಯನ್ನು ಆಯಮ್ಮ ಅದರ ಬಾಯಿಗೆ ಕೊಡುವವರಲ್ಲ. ಆದ್ದರಿಂದ ಪ್ರತಿ ಸಲವೂ ಮೊದಲಿನಿಂದ ಹಾಕಿ, ಇಪ್ಪತ್ತಾರು ನಿಮಿಷ ಗಣಿತವನ್ನು ದಾಟಿ ತಾಯಿಯನ್ನು ತಲುಪುತ್ತಿದ್ದರು. ಬಸ್ಸು ಬರುವವರೆಗೆ ನಾನು ನೋಟ್‌ಬುಕ್ಕಿನ ಮೇಲೆ, ಅವರು ಟೇಪಿನ ಮೇಲೆ ಬಾಗಿ ಕೂತಿರುತ್ತಿದ್ದೆವು. ಪ್ರೊಫೆಸರು ಎಲ್ಲಿ ಕೆಮ್ಮುತ್ತಾರೆ, ಎಲ್ಲಿ ಹುಡುಗನೊಬ್ಬನನ್ನು ಬೈಯುತ್ತಾರೆ ಎಲ್ಲವೂ ಆಯಮ್ಮನಿಗೆ ಬಾಯಿಪಾಠವಾಯಿತು.

ಹನ್ನೊಂದನೆಯ ದಿನ ನನ್ನ ಕಣ್ಣಿನಿಂದ ನೀರು ಬಂದು ಸೊನ್ನೆಗಿಂತ ಕಡಿಮೆಯಾದ ಗುಡ್ಡದ ಮೇಲೆ ಬಿತ್ತು. ಪರೀಕ್ಷೆಗೆ ಉಳಿದದ್ದು ಆರೇ ದಿನ. ಆಯಮ್ಮ ನೋಡಿದರು.

"ಎಂತ ಆಯ್ತು ಮಗಳೇ?"

"ಈ ಮೈನಸ್ ಯಾಕೆ ಬಂತು ಅಂತಲೇ ಗೊತ್ತಾಗ್ತಿಲ್ಲ."

"ಯಾವುದು, ಆ ಕೆಮ್ಮಿದ ಮೇಲೆ ಬರುವ ಮೈನಸ್ಸಾ? ಅದನ್ನು ಮಾಷ್ಟ್ರು ಒರೆಸ್ತಾರಲ್ಲ."

"ಒರೆಸ್ತಾರಾ?"

"ಕೇಳು," ಎಂದು ಟೇಪನ್ನು ಹಿಂದಕ್ಕೆ ಸುತ್ತಿದರು. ಕೆಮ್ಮು ಬಂತು. ಮೈನಸ್ ಬಂತು. ಆಮೇಲೆ ಸ್ವಲ್ಪ ಹೊತ್ತು ಮೌನ, ಅದರೊಳಗೆ ಬಟ್ಟೆ ಉಜ್ಜಿದಂತೆ ಎರಡು ಸಲ ಸರ್ ಸರ್. "ಡಸ್ಟರ್. ಮತ್ತೆ ಚಾಕ್ ಎರಡು ಸಲ ಕುಟ್ಟಿದ್ದು. ಒಂಬತ್ತು ವರ್ಷದಿಂದ ಬೋರ್ಡು ಒರೆಸ್ತಾ ಇದ್ದೇನೆ ನಾನು. ನಂಗೆ ಆ ಶಬ್ದ ಗೊತ್ತಾಗುದಿಲ್ವಾ?"

ನಾನು ಪೆನ್ನು ಹಿಡಿದೇ ಕೂತೆ. ಹುಡುಗರು ಕಣ್ಣಾರೆ ಕಂಡದ್ದನ್ನು ಹನ್ನೊಂದು ದಿನ ನಾನು ಕಿವಿಯಾರೆ ಕೇಳಿಯೂ ಕೇಳಿರಲಿಲ್ಲ. ಆದರೆ ಒರೆಸಿ ಬರೆದದ್ದು ಏನು? ಅದನ್ನು ಹೇಳಬಲ್ಲವರು ಗೋಡೆಯ ಆಚೆ ಇದ್ದರು. ದಾರಿ ಕಿಂಡಿ ಒಂದೇ.

ಆಯಮ್ಮ ಟೇಪನ್ನು ನಿಲ್ಲಿಸಿದರು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದರು. ನಾನು ಹಿಂದೆಯೇ ಹೋದೆ.

"ಓಯ್," ಎಂದರು ಕಿಂಡಿಯಲ್ಲಿ.

ಆಚೆ ಏನೋ ಕೆಳಗೆ ಬಿದ್ದ ಸದ್ದು. ಹನ್ನೊಂದು ದಿನದ ಮೇಲೆ ಬಂದ ಮೊದಲ ಮಾತು ಅದು. "ಎಂತ, ಎಂತ ಹೇಳು," ಎಂದರು ವಾಚ್‌ಮನ್.

"ನಿಮ್ಮತ್ರ ಮಾತಾಡ್ಲಿಕ್ಕೆ ಬಂದದ್ದಲ್ಲ. ಮಾಷ್ಟ್ರಲ್ಲಿ ಕೇಳಿ. ಆ ಸೋಮವಾರ ಮೈನಸ್ ಹೇಳಿ ಒರೆಸಿದ್ರಲ್ಲ, ಮತ್ತೆ ಬರೆದದ್ದು ಎಂತ?"

ಅವರು ಓಡಿದ ಸದ್ದು ಕೇಳಿಸಿತು. ತಿರುಗಿ ಬಂದಾಗ ಏದುಸಿರು. "ಪ್ಲಸ್ ಅಂತೆ. ಬಾಯಲ್ಲಿ ಮೈನಸ್ ಬಂತಂತೆ, ಬೋರ್ಡಲ್ಲಿ ತಿದ್ದಿದ್ರಂತೆ. ಹುಡುಗಿಗೆ ಕಾಣುದಿಲ್ಲ ಅಂತ ಮರ್ತೇ ಹೋಯ್ತಂತೆ. ತಪ್ಪು ನನ್ನದೇ ಅಂತ ಹೇಳಿ ಅಂದ್ರು."

ಆಯಮ್ಮ ನನ್ನ ಕಡೆ ನೋಡಿದರು, ಆದರೆ ಮಾತಾಡಿದ್ದು ಕಿಂಡಿಗೆ. "ಕೇಳಿದ್ಯಾ ಮಗಳೇ? ಅಷ್ಟು ದೊಡ್ಡ ಮಾಷ್ಟ್ರು. ತಪ್ಪು ನನ್ನದು ಅಂತ ಬಾಯಿಬಿಟ್ಟು ಹೇಳ್ತಾರೆ. ಕೆಲವರಿಗೆ ಅದು ಬರುದಿಲ್ಲ."

ಆಚೆ ಬದಿ ಮೌನ. ಅದರೊಳಗೆ ಡಸ್ಟರಿನ ಸದ್ದೂ ಇರಲಿಲ್ಲ.

"ನಂದೂ ತಪ್ಪೇ," ಎಂದಿತು ಕಿಂಡಿ.

"ಯಾವುದು?"

"ಕ್ಯಾಸೆಟ್ಟು. ಕೇಳ್ಬೇಕಿತ್ತು ನಿನ್ನತ್ರ."

ಆಮೇಲೆ ಮಾತು ಬ್ಯಾರಿಗೆ ತಿರುಗಿ, ತುಂಬ ವೇಗವಾಗಿ, ಬಹಳ ಹೊತ್ತು ನಡೆಯಿತು. ಅದರಲ್ಲಿ ಗಣಿತ ಇರಲಿಲ್ಲವಾದ್ದರಿಂದ ನಾನು ಉಗ್ರಾಣಕ್ಕೆ ಬಂದು, ತಿದ್ದಿ ಹಾಳುಮಾಡಿದ್ದ ಮೂರು ಸೂತ್ರಗಳನ್ನು ಒಂದೊಂದಾಗಿ ಮೊದಲಿನ ಹಾಗೆ ಮಾಡಿದೆ. ಗುಡ್ಡಕ್ಕೆ ವಿಸ್ತೀರ್ಣ ಬಂತು.

ಪರೀಕ್ಷೆಯನ್ನು ಅದೇ ಉಗ್ರಾಣದಲ್ಲಿ ಬರೆದೆ. ಮೇಲ್ವಿಚಾರಣೆಗೆ ಹಿಂದಿ ಮಿಸ್ಸು ಕೂತಿದ್ದರು, ಅವರ ಮೇಲ್ವಿಚಾರಣೆಗೆ ಆಯಮ್ಮ. ಆ ಸೂತ್ರ ಹತ್ತು ಅಂಕಕ್ಕೆ ಬಂದಿತ್ತು. ಎರಡು ತಿಂಗಳ ಮೇಲೆ ಬಂದ ಫಲಿತಾಂಶ ಮಾಮೂಲು ಮಾರ್ಗವಾಗಿಯೇ ನನ್ನನ್ನು ತಲುಪಿತು. ಎಂಟು ಹುಡುಗರಲ್ಲಿ ಐವರು ಪಾಸು. "ಮತ್ತೆ ನಾವೂ ಪಾಸು," ಎಂದರು ಆಯಮ್ಮ. ಮೂವತ್ತೈದು ಬೇಕಿದ್ದ ಕಡೆ ನನಗೆ ನಲವತ್ತೊಂದು.

ಅವತ್ತು ಸಂಜೆ ಅಪ್ಪನಿಗೆ ಮೈನಸ್ಸಿನ ಕಥೆಯನ್ನೆಲ್ಲ ಹೇಳಿದೆ. ಅವರು ಅಂಕಪಟ್ಟಿಯನ್ನು ಖರೀದಿ ವಿಭಾಗದ ಕಣ್ಣಿನಿಂದ ಹಿಂದೆ ಮುಂದೆ ತಿರುಗಿಸಿ ನೋಡಿದರು.

"ನಲವತ್ತೊಂದರಲ್ಲಿ ಆ ಹತ್ತು ಕಳೆದರೆ ಮೂವತ್ತೊಂದು," ಎಂದರು. "ಮೈಸೂರು ಎಷ್ಟು ಹತ್ತಿರ ಬಂದಿತ್ತು ನೋಡು."